ಹದಿನಾರು ಸಾವಿರದ ಲೆಕ್ಕ

ನಮ್ಮ ಮನೆಯವರ ಚಿಕ್ಕಪ್ಪನ ಮಗ ಕಳೆದ ರವಿವಾರ ಗದಗದಿಂದ ಫೋನ್ ಮಾಡಿದ್ದ. ಇಲ್ಲಿ ಪುಣೆಯ ಹತ್ತಿರದ ಚಾಕಣದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದೆಯಂತೆ. “ವೈನಿ, ಈಗಿನದಕ್ಕಿಂತ ಹದಿನೆಂಟು ಸಾವಿರ ಹೆಚ್ಚು! ಹೆಂಡತಿ, ಮಗು ಎಲ್ಲರನ್ನೂ ಕರೆದುಕೊಂಡೇ ಬರುತ್ತೇನೆ. ನಿಮ್ಮ ಹತ್ತಿರವೇ ಒಂದು ಮನೆ ನೋಡಿಡಿ” ಎಂದ. ಖುಷಿಯಾಯಿತು. ಆದರೆ ಆ ‘ಹೆಚ್ಚು’ ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನ ಬಾಯಿ ಸುಮ್ಮನಿರಲಿಲ್ಲ. ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತಿದ್ದೇನೆ. ನಮ್ಮ ಕಡೆಯಿಂದ ಪುಣೆಗೆ ಹೊರಟು ನಿಂತಿರುವ ಸಣ್ಣ ಮಕ್ಕಳ ತಾಯಂದಿರು ಯಾರಾದರೂ ಇದ್ದರೆ ಓದಲಿ. ತಂದೆಯರು ಓದಿದರೆ ಇನ್ನೂ ಒಳ್ಳೆಯದು.

2024ರ ಮೇ ತಿಂಗಳಲ್ಲಿ ನಾವು ಗದಗ ಬಿಟ್ಟಾಗ ನಮ್ಮ ಮನೆಯಲ್ಲಿ ಹಗಲು ರಾತ್ರಿ ಜಪವಾಗಿದ್ದ ಸಂಖ್ಯೆ ಹದಿನಾರು ಸಾವಿರ. ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ನಮ್ಮವರಿಗೆ 24,000 ರೂಪಾಯಿ ಸಂಬಳವಿತ್ತು, ದಿನವೂ ರೈಲಿನಲ್ಲಿ ಓಡಾಟ. ಪುಣೆಯ ಪಕ್ಕದ ಭೋಸರಿಯಲ್ಲಿ 40,000 ಕೊಡುತ್ತೇವೆಂದರು. ಊರಿಗೆ ಊರೇ ಹದಿನಾರು ಸಾವಿರವನ್ನು ಹನ್ನೆರಡರಿಂದ ಗುಣಿಸಿ ನಮ್ಮನ್ನು ಸಾಹುಕಾರರನ್ನಾಗಿ ಮಾಡಿಬಿಟ್ಟಿತು. ಗುಣಾಕಾರ ಎಲ್ಲರಿಗೂ ಬರುತ್ತಿತ್ತು, ವ್ಯವಕಲನ ಮಾತ್ರ ಯಾರಿಗೂ ನೆನಪಾಗಲಿಲ್ಲ. ಗಣಿತ ಕಲಿಸುತ್ತಿದ್ದ ನನಗೂ.

ಗದಗದಲ್ಲಿ ಖಾಸಗಿ ಶಾಲೆಯೊಂದರಲ್ಲಿ ನನಗೆ 9,000 ಬರುತ್ತಿತ್ತು. ಅದು ಹೋಯಿತು. ಅಲ್ಲಿ ಸ್ವಂತ ಮನೆ, ಇಲ್ಲಿ ಬಾಡಿಗೆ 11,500. ಇವೆರಡನ್ನೇ ಕಳೆದರೂ ಹದಿನಾರು ಸಾವಿರ ಕರಗಿ ನಾವು ತಿಂಗಳಿಗೆ ನಾಲ್ಕೂವರೆ ಸಾವಿರ ಹಿಂದೆ ಬಿದ್ದಿದ್ದೆವು. ಇನ್ನೂ ಒಲೆ ಹೊತ್ತಿಸಿರಲಿಲ್ಲ.

ಇಷ್ಟನ್ನು ಯಾರಾದರೂ ಕಾಗದದ ಮೇಲೆ ಬರೆದುಕೊಳ್ಳಬಹುದು. ನಾನು ಹೇಳಬೇಕೆಂದಿರುವುದು, ಕಾಗದದ ಮೇಲೆ ಬಾರದೇ ಇದ್ದ ಪುಕ್ಕಟೆ ವಸ್ತುಗಳ ಬಗ್ಗೆ. ಪುಕ್ಕಟೆಯಾಗಿ ಸಿಗುವುದಕ್ಕೆ ಬೆಲೆ ಕಟ್ಟುವ ಅಭ್ಯಾಸ ನಮಗಿಲ್ಲ. ಅದು ನಿಂತ ತಿಂಗಳು ಗೊತ್ತಾಗುತ್ತದೆ.

ವಿದ್ಯುತ್ತಿನಿಂದಲೇ ಶುರು ಮಾಡುತ್ತೇನೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಗದಗದ ಮನೆಯ ಬಿಲ್ಲಿನಲ್ಲಿ ಸೊನ್ನೆ ಇರುತ್ತಿತ್ತು. ಆ ಚೀಟಿಯನ್ನು ಮಡಚಿ ಎಲ್ಲೋ ಸಿಕ್ಕಿಸಿ ಮರೆಯುತ್ತಿದ್ದೆವು. ಇಲ್ಲಿ ಮೊದಲ ಬಿಲ್ಲು ಬಂದಾಗ ಇಬ್ಬರೂ ಅದನ್ನು ಎರಡೆರಡು ಸಲ ಓದಿದೆವು. ತವರಿಗೆ, ಮದುವೆಗೆ, ಜಾತ್ರೆಗೆ ಶಕ್ತಿ ಯೋಜನೆಯಲ್ಲಿ ಆಧಾರ್ ತೋರಿಸಿ ಬಸ್ ಹತ್ತುತ್ತಿದ್ದೆ, ಅದೂ ಗಡಿಯವರೆಗೆ ಮಾತ್ರ. ವೃತ್ತಿ ತೆರಿಗೆ ಸಣ್ಣ ವಿಷಯ, ಆದರೂ ಹೇಳುತ್ತೇನೆ: ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಮುಟ್ಟುವವರೆಗೆ ಅದಿಲ್ಲ. ಮಹಾರಾಷ್ಟ್ರದಲ್ಲಿ ಗಂಡಸರ ಸಂಬಳ 10,000 ದಾಟಿತೆಂದರೆ ವರ್ಷಕ್ಕೆ 2,500 ಕಡಿತ. ಮನೆಯವರ ಮೊದಲ ಸಂಬಳದ ಚೀಟಿಯಲ್ಲಿ ಆ ಇನ್ನೂರು ರೂಪಾಯಿಯನ್ನು ಕಂಡು ಏನೋ ತಪ್ಪಾಗಿದೆಯೆಂದೇ ತಿಳಿದಿದ್ದೆವು.

ನಮ್ಮ ಮಾತು ಬಿಡಿ, ಹೇಗೋ ನಡೆಯುತ್ತದೆ. ನಮ್ಮ ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ, ಕಲಬುರಗಿ ಕಡೆಯ ಗಾರೆ ಕೆಲಸದ ಕುಟುಂಬಗಳಿವೆ. ಪಡಿತರ ಚೀಟಿ ಈಗ ದೇಶದಲ್ಲೆಲ್ಲ ನಡೆಯುವುದರಿಂದ ಕೇಂದ್ರದ ಪಾಲಿನ ಧಾನ್ಯ ಇಲ್ಲಿಯೂ ಸಿಗುತ್ತದೆ. ಕರ್ನಾಟಕ ತನ್ನದೆಂದು ಸೇರಿಸಿ ಕೊಡುವುದು ಇಲ್ಲಿ ಸಿಗುವುದಿಲ್ಲ. ಮಹಾರಾಷ್ಟ್ರ 2024ರ ಜುಲೈಯಿಂದ ಹೆಣ್ಣುಮಕ್ಕಳಿಗೆ ಕೊಡುತ್ತಿರುವ ತಿಂಗಳ 1,500 ರೂಪಾಯಿಗೆ ಆ ವರ್ಷ ಅರ್ಜಿ ಹಾಕಲು ಹೋದಾಗ ಇಲ್ಲಿಯ ನಿವಾಸಿ ಎಂಬ ಪ್ರಮಾಣಪತ್ರವನ್ನೋ, ಹದಿನೈದು ವರ್ಷ ಹಳೆಯ ದಾಖಲೆಯನ್ನೋ ಕೇಳಿದ್ದರು. ಪುಣೆಯ ಅರ್ಧ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರಿಗೆ ಎರಡು ರಾಜ್ಯಗಳ ನಡುವೆ ಒಂದೂ ಸರಿಯಾಗಿ ದಕ್ಕುವುದಿಲ್ಲವೆಂದರೆ ನನಗೆ ಸಿಟ್ಟು ಬರುತ್ತದೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಸರ್ಕಾರದ ಪುಕ್ಕಟೆಯನ್ನಾದರೂ ಹುಡುಕಿ ಲೆಕ್ಕ ಹಾಕಬಹುದು. ಅತ್ತೆಯವರ ಲೆಕ್ಕವನ್ನು ಹೇಗೆ ಹಾಕುವುದು?

ಊರಿನಲ್ಲಿ ನಾನು ಒಂಬತ್ತು ಗಂಟೆಗೆ ಶಾಲೆಗೆ ಹೊರಟರೆ ಮಗ ಅವರ ಸೊಂಟದ ಮೇಲಿರುತ್ತಿದ್ದ. ಆಗ ಅವನಿಗೆ ಒಂದು ವರ್ಷ. ಮಗಳನ್ನು ಬಾಲವಾಡಿಗೆ ಬಿಡುವುದು, ಕರೆತರುವುದು, ಉಣ್ಣಿಸುವುದು, ಗುಳಿಗೆ ಕೊಡುವುದು, ಬಿದ್ದು ಅತ್ತರೆ ನೆಲಕ್ಕೆ ಎರಡು ಏಟು ಹೊಡೆದು ಸಮಾಧಾನ ಮಾಡುವುದು, ಎಲ್ಲ ಅವರದೇ. ಅವರಿಗೆ ಹೊಲದ ಕೆಲಸ ಬಿದ್ದರೆ ಪಕ್ಕದ ಮನೆಯ ಕಾಕು ಇದ್ದರು. ನನ್ನ 9,000 ರೂಪಾಯಿ ಸಂಬಳ ಸಾಧ್ಯವಾಗಿದ್ದೇ ಅವರಿಬ್ಬರ ಸೊಂಟದ ಮೇಲೆ. ಅದು ನನಗೆ ಪುಣೆಗೆ ಬಂದ ಮೇಲೆ ಅರ್ಥವಾಯಿತೆಂದು ಹೇಳಲು ನಾಚಿಕೆಯಾಗುತ್ತದೆ.

ಇಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಜಾಗಕ್ಕೆ ಪಾಳಣಾಘರ ಎನ್ನುತ್ತಾರೆ, ತೊಟ್ಟಿಲ ಮನೆ. ಹೆಸರು ಚೆನ್ನಾಗಿದೆ. ಬಂದ ನಾಲ್ಕನೇ ತಿಂಗಳು ನನಗೆ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಗುವುದರಲ್ಲಿತ್ತು, ಸಂಬಳ 14,000. ಮಗನಿಗೆ ದಿನವಿಡೀ, ಮಗಳಿಗೆ ಶಾಲೆ ಬಿಟ್ಟ ಮೇಲೆ, ಇಬ್ಬರಿಗೂ ಸೇರಿ ಪಾಳಣಾಘರದವರು 8,000 ಕೇಳಿದರು. ಬಸ್ಸಿಗೆ 1,200. ಉಳಿದದ್ದು 4,800. ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಏಳಕ್ಕೆ ಮನೆ ಸೇರುವುದಕ್ಕೆ ಇದು ಬೆಲೆ. ತಿಂಗಳಲ್ಲಿ ಎರಡು ದಿನ ಮಗುವಿಗೆ ಜ್ವರ ಬಂದರೆ ಸಂಬಳ ಕಡಿತ ಬೇರೆ. ಜ್ವರ ಬಂದ ಮಗುವನ್ನು ಪಾಳಣಾಘರದವರು ಸೇರಿಸಿಕೊಳ್ಳುವುದಿಲ್ಲ. ಅವರ ತಪ್ಪೂ ಅಲ್ಲ, ಹತ್ತು ಮಕ್ಕಳಿರುವ ಜಾಗ. ಕೆಲಸ ಬೇಡವೆಂದೆ. ಈಗ ಕಟ್ಟಡದ ಆರು ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡುತ್ತೇನೆ, ತಲಾ 500. ಮೂರು ಸಾವಿರ ನನ್ನ ಕೈಯದು.

“ಅತ್ತೆಯವರನ್ನೇ ಕರೆದುಕೊಂಡು ಬರಬಹುದಿತ್ತಲ್ಲ” ಎಂದು ಕೇಳುವವರಿದ್ದಾರೆ. ಬಂದಿದ್ದರು, ಮೂರು ತಿಂಗಳು ಇದ್ದರು. ನಮ್ಮದು ನಾಲ್ಕನೇ ಮಹಡಿ. ಮೊದಲ ವಾರ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಎರಡನೆಯ ವಾರ “ಈ ಊರಿನಲ್ಲಿ ಕಟ್ಟೆಯೇ ಇಲ್ಲವಲ್ಲ” ಎಂದರು. ಮಾತನಾಡಲು ಜನ ಬೇಕು, ಜನ ಸೇರಲು ಕಟ್ಟೆ ಬೇಕು. ಲಿಫ್ಟಿನ ಮುಂದೆ ಯಾರು ನಿಂತು ಮಾತನಾಡುತ್ತಾರೆ? ಅವರ ಮುಖ ಅರಳಿದ್ದು ಒಂದೇ ದಿನ. ಪಂಢರಪುರದ ಯಾತ್ರೆಗೆ ಆಳಂದಿಯಿಂದ ಹೊರಟ ಜ್ಞಾನೇಶ್ವರರ ಪಾಲಖಿ (ಪಲ್ಲಕ್ಕಿ) ದಿಘಿಯ ಮೂಲಕ ಪುಣೆಗೆ ಹೋಗುವಾಗ ರಸ್ತೆಯ ಬದಿಯಲ್ಲಿ ನಿಂತು, ಭಜನೆ ಮಾಡುತ್ತ ನಡೆಯುವವರ ದಿಂಡಿ ನೋಡಿದರು. ಪಕ್ಕದಲ್ಲಿದ್ದ ಮರಾಠಿ ಅಜ್ಜಿಯೊಬ್ಬರ ಜೊತೆ, ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ, ಒಂದು ಗಂಟೆ ಪಂಢರಪುರದ ಮಾತನಾಡಿದರು. ಯಾರಿಗೆ ಎಷ್ಟು ತಿಳಿಯಿತೋ. ಜೋಳ ಬಿತ್ತುವ ಕಾಲ ಹತ್ತಿರವಾದಾಗ ಊರಿಗೆ ಹೊರಟರು, ನಾನು ತಡೆಯಲಿಲ್ಲ.

ಜೋಳವೂ ಈ ಪುಕ್ಕಟೆಯ ಪಟ್ಟಿಯಲ್ಲಿದೆ. ಎರೆಹೊಲದ ಬಿಳಿಜೋಳವನ್ನು ಚೀಲದಿಂದ ತೆಗೆದು ಹಸನು ಮಾಡಿ ಗಿರಣಿಗೆ ಒಯ್ಯುವವರಿಗೆ ಕಿಲೋ ದರ ಗೊತ್ತಿರುವುದಿಲ್ಲ. ಇಲ್ಲಿ ಅಂಗಡಿಯಲ್ಲಿ ಕೇಳಿದ ದಿನ ಚಪಾತಿಯೇ ಸಾಕೆನಿಸಿತು. ಈಗ ಊರಿಗೆ ಹೋದಾಗಲೆಲ್ಲ ಒಂದು ಚೀಲ ತರುತ್ತೇವೆ. ಗಿರಣಿಗೆ ಇಲ್ಲಿಯೂ ಗಿರಣಿ ಎಂದೇ ಹೆಸರು. ಖೋಲಿ, ದವಾಖಾನೆ, ವೈನಿ, ಕಾಕು, ಇವೆಲ್ಲ ನಮ್ಮ ಮನೆಯಲ್ಲಿದ್ದ ಮಾತುಗಳೇ. ಬೆಂಗಳೂರಿಗಿಂತ ಪುಣೆಯಲ್ಲಿ ನನ್ನ ನಾಲಿಗೆಗೆ ಪರಕೀಯತೆ ಕಡಿಮೆ ಎಂದರೆ ಕೆಲವರು ಜಗಳಕ್ಕೆ ಬರಬಹುದು, ಬರಲಿ.

ಊರು ಬಿಡುವಾಗಿನ ಖರ್ಚಿನ ವಿಷಯ. ಸಾಮಾನು ಸಾಗಿಸುವ ಸಂಸ್ಥೆಯೊಂದು 32,000 ಕೇಳಿತು. ಹುಬ್ಬಳ್ಳಿಗೆ ಸರಕು ಇಳಿಸಿ ಖಾಲಿ ಮರಳುತ್ತಿದ್ದ ಪುಣೆಯ ಲಾರಿಯೊಂದನ್ನು ಮನೆಯವರ ಗೆಳೆಯರು ಗೊತ್ತುಮಾಡಿಕೊಟ್ಟರು, 15,000ಕ್ಕೆ ಮುಗಿಯಿತು. ಅದರಲ್ಲಿ ನಾನು ಮಾಡಿದ ಮೂರ್ಖತನ ತವರಿನ ತಿಜೋರಿ. ಮೆಟ್ಟಿಲ ತಿರುವಿನಲ್ಲಿ ಹಿಡಿಸಲಿಲ್ಲ, ಲಿಫ್ಟಿನಲ್ಲಿ ಹಿಡಿಸಲಿಲ್ಲ, ಒಂದು ವಾರ ಪಾರ್ಕಿಂಗಿನಲ್ಲಿ ನಿಂತು ಸೊಸೈಟಿಯವರಿಂದ ಬೈಗುಳ ತಿಂದು ಕೊನೆಗೆ ಗುಜರಿ ಸೇರಿತು. ಮೂರು ದಿನ ಕಣ್ಣೀರು ಹಾಕಿದೆ. ಠೇವಣಿ 35,000, ಮೊದಲ ಬಾಡಿಗೆ 11,500, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆಯೆಂದು ಇನ್ನೊಂದು 11,500. ಮೊದಲ ಸಂಬಳ ಕೈ ಸೇರುವಷ್ಟರಲ್ಲಿ ಎಂಬತ್ತು ಸಾವಿರ ಮುಗಿದಿತ್ತು, ನನ್ನ ಎರಡು ಬಳೆಗಳು ಒತ್ತೆ ಬಿದ್ದಿದ್ದವು.

ಒಂದು ಕಡೆ ಮಾತ್ರ ನಾನು ಹಟ ಹಿಡಿದದ್ದು ಸರಿಯಾಯಿತು. ಮನೆಯ ಮಾಲೀಕರು ನೋಟರಿ ಕಾಗದ ಸಾಕೆಂದರು. ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರನ್ನು, ಹನ್ನೊಂದು ತಿಂಗಳದ್ದಾದರೂ, ನೋಂದಣಿ ಮಾಡಿಸಲೇಬೇಕು. 1999ರ ಬಾಡಿಗೆ ಕಾಯ್ದೆಯ 55ನೇ ಕಲಮಿನ ಪ್ರಕಾರ ಆ ಹೊಣೆ ಮಾಲೀಕರದು. ಇದನ್ನು ವಿನಯವಾಗಿ ಹೇಳಿದಾಗ ಒಪ್ಪಿದರು. ನಗರ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000 ರೂಪಾಯಿ, ಮುದ್ರಾಂಕ ಶುಲ್ಕ ಶೇಕಡಾ 0.25. ಆಧಾರ್ ಬೆರಳಚ್ಚಿನಿಂದ ಮನೆಯಲ್ಲಿಯೇ ಕೂತು ಮುಗಿಸಬಹುದು. ಬ್ಯಾಂಕಿನ ವಿಳಾಸ, ಆಧಾರ್ ವಿಳಾಸ, ಗ್ಯಾಸ್, ಶಾಲೆ ಎಲ್ಲ ಬಾಗಿಲುಗಳೂ ಆಮೇಲೆ ಆ ಒಂದು ಕಾಗದಕ್ಕೇ ತೆರೆದವು. ಗ್ಯಾಸಿನಲ್ಲಿ ಮಾತ್ರ ಸಣ್ಣ ಪೆಟ್ಟು: ಊರಿನಲ್ಲಿ ಸಿಲಿಂಡರ್ ಮರಳಿಸಿದಾಗ ಹಿಂದೆ ಕಟ್ಟಿದ್ದ 1,450 ಠೇವಣಿಯೇ ಕೈಗೆ ಬಂತು, ಇಲ್ಲಿ 2,200 ಕಟ್ಟಿದೆವು.

ಹಳೆಯ ಬೈಕನ್ನು ಊರಿನಲ್ಲಿಯೇ ಮಾರಿ ಬನ್ನಿ. ನಾವು ಮಾರಲಿಲ್ಲ. ಹನ್ನೆರಡು ತಿಂಗಳು ದಾಟಿದರೆ ಇಲ್ಲಿಯ ನೋಂದಣಿ ಸಂಖ್ಯೆ ಬೇಕು, ಅದಕ್ಕೆ ಗದಗದಿಂದ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಮತ್ತೆ ತೆರಿಗೆ. ಕೆ.ಎ. 26 ಫಲಕ ಹೊತ್ತು ವೃತ್ತದಲ್ಲಿ ನಿಲ್ಲುವಾಗ ನಮ್ಮವರ ಬೆನ್ನು ತಾನಾಗಿಯೇ ಬಗ್ಗುತ್ತದೆ.

ಶಾಲೆಯ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಪ್ರವೇಶ ಶುಲ್ಕವೆಂದು 35,000 ಕೇಳಿದ ಇಂಗ್ಲಿಷ್ ಶಾಲೆಯ ಮೆಟ್ಟಿಲನ್ನು ಅದೇ ದಿನ ಇಳಿದು ಬಂದೆವು. ಇಲ್ಲಿ ‘ಸೆಮಿ ಇಂಗ್ಲಿಷ್’ ಎಂಬ ಪದ್ಧತಿ ಇದೆ, ಮಾಧ್ಯಮ ಮರಾಠಿ, ಗಣಿತ ಮತ್ತು ವಿಜ್ಞಾನ ಇಂಗ್ಲಿಷಿನಲ್ಲಿ. ಮಗಳನ್ನು ಅಲ್ಲಿಗೆ ಸೇರಿಸಿದೆವು. 2020ರ ಕಾಯ್ದೆಯಿಂದಾಗಿ ಯಾವ ಶಾಲೆಗೆ ಹೋದರೂ ಮರಾಠಿ ಕಲಿಯಲೇಬೇಕು. ಹೇಗೂ ಕಲಿಯುವುದೇ ಆದರೆ ಸರಿಯಾಗಿ ಕಲಿಯಲಿ. ಅವಳ ಮನೆಪಾಠದಿಂದ ನಾನೂ ಕಲಿತೆ. ರಾತ್ರಿ ಊಟವಾದ ಮೇಲೆ ಕನ್ನಡದ ಕಾಗುಣಿತ, ಹದಿನೈದು ನಿಮಿಷ, ಅಳು ಸಹಿತ. ಮುಂದೆ ಕರ್ನಾಟಕದ ಸಿಇಟಿಯಲ್ಲಿ ಅಲ್ಲಿಯವಳೆಂದು ಎಣಿಸಿಕೊಳ್ಳಲು ಸಾಮಾನ್ಯವಾಗಿ ಏಳು ವರ್ಷ ಅಲ್ಲಿ ಓದಿರಬೇಕು. ಮಾವ ಈಗಲೇ ಅದನ್ನು ನೆನಪಿಸುತ್ತಾರೆ. ಒಂದನೇ ತರಗತಿಯ ಹುಡುಗಿಗೆ!

ಊರಿಗೆ ಹೋಗಿಬರುವುದೂ ಒಂದು ಖರ್ಚೇ. ಬಾಗಲಕೋಟೆ, ವಿಜಯಪುರ, ಸೊಲ್ಲಾಪುರದ ಮೇಲೆ ಬರುವ ರೈಲಿದೆ, ಹಬ್ಬಗಳಲ್ಲಿ ಅದರ ಟಿಕೆಟ್ ಸಿಗುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಬಂತು, ಅದನ್ನು ಪ್ಲಾಟ್‌ಫಾರ್ಮಿನಿಂದ ನೋಡಿ ಸಂತೋಷಪಟ್ಟಿದ್ದೇವೆ. ಒಂದು ದಸರೆಗೆ ನಾನು ಮಕ್ಕಳನ್ನು ಕಟ್ಟಿಕೊಂಡು ಮಹಾರಾಷ್ಟ್ರದ ಸರ್ಕಾರಿ ಬಸ್ಸಾದ ಎಸ್‌.ಟಿ.ಯಲ್ಲಿ ಹೆಂಗಸರ ಅರ್ಧ ಟಿಕೆಟಿನಲ್ಲಿ ಕೊಲ್ಲಾಪುರ, ಅಲ್ಲಿಂದ ಪೂರ್ತಿ ದುಡ್ಡು ಕೊಟ್ಟು ನಿಪ್ಪಾಣಿ, ನಿಪ್ಪಾಣಿಯಿಂದ ಶಕ್ತಿಯಲ್ಲಿ ಬೆಳಗಾವಿ, ಹುಬ್ಬಳ್ಳಿ, ಗದಗ ಎಂದು ಐದು ಬಸ್ಸುಗಳಲ್ಲಿ ಹೋದೆ. ಉಳಿದ ದುಡ್ಡಿನ ಅರ್ಧ ಮಗನ ವಾಂತಿಯ ಔಷಧಿಗೆ ಹೋಯಿತು.

ಹಾಗಾದರೆ ಬಂದದ್ದು ತಪ್ಪೇ? ನಾನು ಹಾಗೆನ್ನುವುದಿಲ್ಲ. ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಕಡಿಮೆಯಾಗುತ್ತಿದ್ದವು, ನಾಲ್ಕು ವರ್ಷದಿಂದ ಸಂಬಳ ಏರಿರಲಿಲ್ಲ. ಇಲ್ಲಿ ಎರಡನೇ ವರ್ಷ 46,000 ಆಯಿತು. ಮನೆಯವರು ಹೊಸ ಯಂತ್ರದ ಕೆಲಸ ಕಲಿತರು, ಸಂಜೆ ಬೆಳಕಿರುವಾಗಲೇ ಮನೆಗೆ ಬರುತ್ತಾರೆ. ಒಂದು ಬಳೆ ಬಿಡಿಸಿಕೊಂಡಿದ್ದೇವೆ. ನನ್ನ ತಕರಾರು ಇಷ್ಟೇ: 40,000 ಎಂದಾಗ ಕುಣಿಯುವ ಬದಲು ನಾವು 48,000 ಕೇಳಬೇಕಿತ್ತು. ಕೇಳುವ ಧೈರ್ಯ ಬರಲು ಅತ್ತೆಯವರ ಸೊಂಟ, ಸೊನ್ನೆಯ ಬಿಲ್ಲು, ಜೋಳದ ಚೀಲ ಎಲ್ಲಕ್ಕೂ ಮೊದಲೇ ದರ ಹಾಕಿರಬೇಕಿತ್ತು. ಈ ಲೆಕ್ಕ ತಿಳಿದಿರುವುದು ಮನೆಯಲ್ಲಿರುವ ಹೆಣ್ಣಿಗೆ, ಸಂಬಳದ ಮಾತಾಡಲು ಹೋಗುವುದು ಗಂಡಸು.

ಅದಕ್ಕೇ ಮೈದುನನಿಗೆ, “ನಿನ್ನ ಹದಿನೆಂಟು ಸಾವಿರ ಪಕ್ಕಕ್ಕಿಡು, ಫೋನನ್ನು ಅವಳಿಗೆ ಕೊಡು” ಎಂದೆ. ಅವಳು ತಹಶೀಲ್ದಾರ್ ಕಚೇರಿಯ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ, ಮಗುವಿಗೆ ಹತ್ತು ತಿಂಗಳು. ಬಾಡಿಗೆ ಎಷ್ಟು, ನೀರು ಹೇಗೆ ಎಂದೆಲ್ಲ ಕೇಳುತ್ತಾಳೆಂದುಕೊಂಡಿದ್ದೆ. ಫೋನ್ ತೆಗೆದುಕೊಂಡವಳೇ, “ಅಕ್ಕಾ, ಅಲ್ಲಿ ಮಗುವನ್ನು ಯಾರ ಹತ್ತಿರ ಬಿಡಲಿ?” ಎಂದಳು.

ಮುಕ್ಕಾಲು ಗಂಟೆ ಅದನ್ನೇ ಮಾತನಾಡಿದೆವು.