ಕಡ್ಡಿಗೆ ಸಿಕ್ಕಿದ ಕೋಳಿ

ಬೇಸಿಗೆಯಲ್ಲಿ ಕೋಳಿ ಉಷ್ಣ ಅನ್ನುವುದು ನಮ್ಮ ಮನೆಯ ಹಿರಿಯರ ಖಚಿತ ಅಭಿಪ್ರಾಯ. ಅದಕ್ಕೆ ಮೆಣಸಿನಕಾಯಿ ಸೇರಿದರೆ ಇನ್ನೂ ಉಷ್ಣ, ಕೆಂಡದ ಮೇಲೆ ಸುಟ್ಟರಂತೂ ಕೇಳುವುದೇ ಬೇಡ. ಏಪ್ರಿಲ್ ತಿಂಗಳಲ್ಲಿ, ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಕೊಡುತ್ತಿರುವಾಗ, ಈ ಮೂರು ಉಷ್ಣಗಳನ್ನೂ ಒಂದೇ ಕಡ್ಡಿಗೆ ಚುಚ್ಚಿ ತಾರಸಿಯ ಮೇಲೆ ಬೇಯಿಸುತ್ತೇವೆ ಅಂತ ಹೊರಟರೆ ಅಜ್ಜಿ ವಾದಕ್ಕೇನೂ ನಿಲ್ಲುವುದಿಲ್ಲ. ಸುಮ್ಮನೆ ಎದ್ದು ಹೋಗಿ ಕಾಮಕಸ್ತೂರಿ ಬೀಜ ನೆನೆಹಾಕುತ್ತಾಳೆ, ಮಜ್ಜಿಗೆಗೆ ಕರಿಬೇವು ಹಿಸುಕುತ್ತಾಳೆ. ಆಮೇಲೆ ಬಾಗಿಲಲ್ಲಿ ನಿಂತು, "ನಂಗೆ ಒಂದು ಕಡ್ಡಿ ಎತ್ತಿಡಿ, ಜಾಸ್ತಿ ಸೀಯಿಸ್ಬೇಡಿ" ಅನ್ನುತ್ತಾಳೆ.

ಅಜ್ಜಿಯ ಲೆಕ್ಕವನ್ನು ತೀರಾ ತಳ್ಳಿಹಾಕುವ ಹಾಗೂ ಇಲ್ಲ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಕೆಣಕುವುದು ನರಗಳಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಕವನ್ನೇ. ಇದನ್ನು ಪತ್ತೆಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಅಂದರೆ ಖಾರ ತಿಂದಾಗ ಮೈಗೆ ನಿಜವಾಗಿಯೂ ಬೆಂಕಿ ತಗುಲಿದೆ ಅನ್ನಿಸುತ್ತದೆ, ಬೆವರು ಇಳಿಯುತ್ತದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದ ಕಾರಣ ಚೊಂಬುಗಟ್ಟಲೆ ನೀರು ಕುಡಿದರೂ ಉರಿ ಹೋಗುವುದಿಲ್ಲ; ಹಾಲು ಮೊಸರಿನ ಪ್ರೋಟೀನಾದರೆ ಅದನ್ನು ನಾಲಿಗೆಯಿಂದ ಬಿಡಿಸುತ್ತದೆ. ನೊಬೆಲ್ ಸಮಿತಿಗಿಂತ ಎಷ್ಟೋ ಮೊದಲೇ ಅಜ್ಜಿ ಮಜ್ಜಿಗೆ ಪಾತ್ರೆಯನ್ನು ತಾರಸಿ ಮೆಟ್ಟಿಲಿನ ಮೇಲೆ ಇಟ್ಟಿದ್ದಳು.

ಇದ್ದಿಲು ಬರುವುದು ಇಸ್ತ್ರಿ ಅಂಗಡಿಯಿಂದ. ಮೈಸೂರಿನ ನಮ್ಮ ಬಡಾವಣೆಯಲ್ಲಿ ಇದ್ದಿಲ ಪೆಟ್ಟಿಗೆ ಬಿಟ್ಟು ಗ್ಯಾಸಿನ ಪೆಟ್ಟಿಗೆ ಹಿಡಿದವರೇ ಹೆಚ್ಚು. ಹಳೆಯ ಪೆಟ್ಟಿಗೆಗೆ ಅಂಟಿಕೊಂಡಿರುವವರು ಒಬ್ಬರು ಉಳಿದಿದ್ದಾರೆ. "ಏನ್ ಸಾರ್, ಬಟ್ಟೆಗಾ ಕೋಳಿಗಾ?" ಅಂತ ಕೇಳಿಯೇ ಚೀಲ ತುಂಬುತ್ತಾರೆ. ಕೋಳಿಗೆ ಅಂದರೆ ದಪ್ಪ ತುಂಡು ಆರಿಸಿ ಹಾಕುತ್ತಾರೆ.

ಮಸಾಲೆಗೆ ಬಣ್ಣ ಬ್ಯಾಡಗಿಯದು, ಖಾರ ಗುಂಟೂರಿನದು. ಬ್ಯಾಡಗಿ ಮೆಣಸಿನಕಾಯಿ ನೋಡಲು ಸುಕ್ಕು ಸುಕ್ಕು, ಸ್ವಭಾವದಲ್ಲಿ ಸಾಧು, ಬಣ್ಣದಲ್ಲಿ ಮಾತ್ರ ಯಾರಿಗೂ ಬಗ್ಗದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಇಂಥ ಮೆಣಸಿನಕಾಯಿ ಹಾವೇರಿ ಜಿಲ್ಲೆಯಲ್ಲಿ ಮೂಟೆಗಟ್ಟಲೆ ಬಿದ್ದಿರುವಾಗ ನಮ್ಮ ರಸ್ತೆ ಬದಿಯ ಕಬಾಬುಗಳು ಪುಡಿಬಣ್ಣ ಬಳಿದುಕೊಂಡು ಬಾಣಲೆಗೆ ಇಳಿಯುತ್ತಿದ್ದವು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕಬಾಬಿಗೆ ಕೃತಕ ಬಣ್ಣ ಹಾಕಬಾರದು ಎಂದು ಆದೇಶಿಸಿದಾಗ ನನಗೆ ಆದದ್ದು ಸಂತೋಷವೇ. ನೆನೆಸಿ ರುಬ್ಬಿದ ಬ್ಯಾಡಗಿ, ನಾಲ್ಕೈದು ಗುಂಟೂರು, ಶುಂಠಿ, ಬೆಳ್ಳುಳ್ಳಿ, ಕುಟ್ಟಿದ ಕಾಳುಮೆಣಸು, ಗಟ್ಟಿ ಮೊಸರು, ಉಪ್ಪು, ಒಂದು ಸೌಟು ಎಣ್ಣೆ. ನಿಂಬೆರಸ ಮಾತ್ರ ಇಳಿಸಿದ ಮೇಲೆ. ಬೆಳಿಗ್ಗೆಯೇ ಹಿಂಡಿಟ್ಟರೆ ಹುಳಿಯಲ್ಲಿ ನೆಂದೂ ನೆಂದೂ ಮಾಂಸದ ಮೇಲ್ಮೈ ಬಿಗಿದುಕೊಳ್ಳುತ್ತದೆ. ಮೊಸರಿನ ಹುಳಿ ಅಷ್ಟು ಅವಸರದ್ದಲ್ಲ.

ನಾಟಿ ಕೋಳಿಯ ಅಭಿಮಾನಿಗಳು ಇಲ್ಲಿ ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು. ಊರೆಲ್ಲ ಓಡಾಡಿ ಮೈ ಗಟ್ಟಿ ಮಾಡಿಕೊಂಡ ಕೋಳಿಗೆ ಸಾರಿನ ನಿಧಾನದ ಕುದಿಯೇ ಸರಿ, ಕೆಂಡದ ಹತ್ತು ನಿಮಿಷಕ್ಕೆ ಅದು ಮಣಿಯುವುದಿಲ್ಲ. ಕಡ್ಡಿಗೆ ಫಾರಂ ಕೋಳಿ, ಅದರಲ್ಲೂ ಮೂಳೆ ಬಿಡಿಸಿದ ತೊಡೆ. ಎದೆಯ ಮಾಂಸ ನೋಡಲು ಚೆಂದ. ಕೊಬ್ಬು ಕಡಿಮೆ, ಒಂದು ನಿಮಿಷ ಮೈಮರೆತರೆ ನಾರುನಾರು.

ಬಿದಿರಿನ ಕಡ್ಡಿಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸಬೇಕು, ಇಲ್ಲದಿದ್ದರೆ ಕೋಳಿಗಿಂತ ಮೊದಲು ಅದೇ ಹೊತ್ತಿಕೊಳ್ಳುತ್ತದೆ. ಆದರೆ ದುಂಡನೆಯ ಕಡ್ಡಿಯ ನಿಜವಾದ ಕಿತಾಪತಿ ಬೇರೆ. ಒಂದು ಮಗ್ಗುಲು ಬೆಂದಿತೆಂದು ಕಡ್ಡಿ ತಿರುಗಿಸುತ್ತೀರಿ. ಕಡ್ಡಿ ತಿರುಗುತ್ತದೆ, ತುಂಡು ತಿರುಗುವುದಿಲ್ಲ. ಬೆಂದ ಮಗ್ಗುಲನ್ನೇ ಕೆಂಡಕ್ಕೆ ಕೊಟ್ಟುಕೊಂಡು ನಿಮ್ಮನ್ನೇ ನೋಡುತ್ತಿರುತ್ತದೆ. ಒಂದೇ ಸಾಲಿಗೆ ಅಕ್ಕಪಕ್ಕ ಎರಡು ಕಡ್ಡಿ ಚುಚ್ಚಿದರೆ ಈ ಹಟ ನಿಲ್ಲುತ್ತದೆ. ನಡುವೆ ಈರುಳ್ಳಿ, ದೊಣ್ಣೆಮೆಣಸಿನಕಾಯಿ ಪೋಣಿಸುವುದು ಫೋಟೋಗೆ ಒಳ್ಳೆಯದು. ಕೋಳಿ ಬೇಯುವಷ್ಟರಲ್ಲಿ ಈರುಳ್ಳಿ ಇದ್ದಿಲಾಗಿರುತ್ತದೆ. ನಾನು ಅವುಗಳಿಗೆ ಬೇರೆ ಕಡ್ಡಿಯನ್ನೇ ಕೊಡುತ್ತೇನೆ.

ಬೆಂಕಿ ಉರಿಯುವಾಗ ಸುಡಬಾರದು, ಉರಿ ಅಡಗಿ ಕೆಂಡದ ಮೇಲೆ ಬೂದಿಯ ಬಿಳಿ ಪೊರೆ ಕಟ್ಟುವ ತನಕ ಕಾಯಬೇಕು. ಇದನ್ನು ಹಸಿದ ಮಕ್ಕಳಿಗೆ ಹೇಳಿ ನೋಡಿ! ಚಾಮುಂಡಿ ಬೆಟ್ಟದ ಕಡೆ ಮೋಡ ಎದ್ದಿದ್ದರಂತೂ ದೊಡ್ಡವರೂ ಮಕ್ಕಳ ಜೊತೆ ಸೇರುತ್ತಾರೆ. ಮಳೆ ಬಂತೆಂದು ಇದ್ದಿಲೊಲೆಯನ್ನು ಮನೆಯೊಳಗೆ ಒಯ್ಯುವಂತಿಲ್ಲ, ಮುಚ್ಚಿದ ಕೋಣೆಯಲ್ಲಿ ಅದರ ಕಾರ್ಬನ್ ಮೊನಾಕ್ಸೈಡ್ ಜೀವಕ್ಕೇ ಮುಳುವು. ಹಾಗಾಗಿ ಮೊರದಲ್ಲಿ ಬೀಸುವುದು, ಆಕಾಶ ನೋಡುವುದು, ಮತ್ತೆ ಬೀಸುವುದು. ಮೊದಲ ಹನಿ ಎಣ್ಣೆ ಕೆಂಡಕ್ಕೆ ಬಿದ್ದು ಚುಯ್ ಅಂದ ಮೇಲೆ ಏಳುವ ಹೊಗೆಗೆ ಪರಿಮಳವೂ ಉಂಟು, ಘಾಟೂ ಉಂಟು. ಪರಿಮಳ ನಮ್ಮ ಕಡೆಗೂ ಘಾಟು ಪಕ್ಕದ ಮನೆಯ ಕಡೆಗೂ ಹೋಗುವಂತೆ ಗಾಳಿಗೆ ಯಾರು ಹೇಳಿಕೊಟ್ಟರೋ. ಆ ಕಡೆಯಿಂದ ಸಾಲುಸಾಲಾಗಿ ಸೀನು ಕೇಳಿಸುತ್ತದೆ, ಕಿಟಕಿ ಮುಚ್ಚಿದ ಸದ್ದು ಕೇಳಿಸುತ್ತದೆ. ಮರುದಿನ ನಾವು ಮಾವಿನಹಣ್ಣು ಕಳಿಸುತ್ತೇವೆ.

ಈ ಅಡುಗೆಯಲ್ಲಿ ರುಚಿಗಿಂತ ಹೆಚ್ಚಾಗಿ ನನಗೆ ಹಿಡಿಸಿದ್ದು ಇದರ ಹಂಚಿಕೆ. ನಮ್ಮ ಕಡೆ ಕೋಳಿ ಸಾರು ಬಡಿಸುವುದೆಂದರೆ ಸಣ್ಣ ರಾಜಕಾರಣವಲ್ಲ. ಕಾಲು ಅಳಿಯನಿಗೆ, ಈಲಿ ಮತ್ತು ಕಂದನಕಾಯಿ ಮಕ್ಕಳಿಗೆ, ದೊಡ್ಡ ತುಂಡು ಮನೆಯ ಹಿರಿಯನಿಗೆ, ಬಡಿಸಿದವಳಿಗೆ ಕತ್ತು ಮತ್ತು ತಳದ ಸಾರು. ಒಂದು ಕೋಳಿಗೆ ಎರಡೇ ಕಾಲು, ಮನೆಗೆ ಮೂವರು ಅಳಿಯಂದಿರು ಬಂದರೆ ಸೌಟು ಹಿಡಿದವಳ ಕೈ ನಡುಗುತ್ತದೆ. ಯುಗಾದಿಯ ಮರುದಿನ ಹೊಸತೊಡಕಿಗೆ ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ಗುಡ್ಡೆ ಬಾಡು ಹಾಕುವವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ: ಚೀಟಿ ಕಟ್ಟಿ, ಒಟ್ಟಿಗೆ ಕುರಿ ತಂದು, ಪ್ರತಿ ಗುಡ್ಡೆಗೂ ಇಷ್ಟು ಮೂಳೆ, ಇಷ್ಟು ಈಲಿ, ಇಷ್ಟು ಮೆತ್ತನೆಯ ಬಾಡು ಎಂದು ಸಮನಾಗಿ ಹಾಕುತ್ತಾರೆ. ಆ ನ್ಯಾಯ ಗುಡ್ಡೆ ಮನೆ ಸೇರುವವರೆಗೆ ಮಾತ್ರ. ಪಾತ್ರೆಗೆ ಬಿದ್ದ ಮೇಲೆ ಮತ್ತೆ ಸೌಟಿನ ರಾಜ್ಯ.

ಕಡ್ಡಿಯಲ್ಲಿ ಕಾಲೂ ಇಲ್ಲ, ಕತ್ತೂ ಇಲ್ಲ. ಎಲ್ಲ ತುಂಡೂ ಒಂದೇ ಜಾತಿ. ಒಲೆ ಚಿಕ್ಕದಾದ್ದರಿಂದ ಒಂದು ಸಲಕ್ಕೆ ಏಳೆಂಟು ಕಡ್ಡಿಗಿಂತ ಹೆಚ್ಚು ಹಿಡಿಸುವುದಿಲ್ಲ. ಪಂಕ್ತಿ ಕೂರಿಸಿ ಮೊದಲು ಇಂಥವರಿಗೆ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಯಾರು ಹತ್ತಿರ ಇದ್ದಾರೋ ಅವರಿಗೆ. ಸಾಮಾನ್ಯವಾಗಿ ಎಲ್ಲರಿಗೂ ಬಡಿಸಿ ಕಡೆಗೆ ಕೂರುವ ನಮ್ಮತ್ತಿಗೆ ತಾರಸಿಯಲ್ಲಿ ನೀರಿನ ಟ್ಯಾಂಕಿಗೆ ಒರಗಿ, ಮೊದಲ ಸರದಿಯ ಕಡ್ಡಿ ಹಿಡಿದು, ಬೆರಳು ಸುಟ್ಟುಕೊಂಡು ಊದಿ ಊದಿ ತಿನ್ನುತ್ತಾಳೆ. ದೊಡ್ಡಪ್ಪ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಅವರ ಮುಂದೆ ಎರಡನೇ ಕ್ಲಾಸಿನ ಹುಡುಗ ನಿಂತಿದ್ದಾನೆ, ಜಾಗ ಬಿಡುವ ಅಂದಾಜಿಲ್ಲ. ಅವಸರ ಮಾಡಿದವರಿಗೆ ನಾನು ತುಂಡೊಂದನ್ನು ಸೀಳಿ ತೋರಿಸುತ್ತೇನೆ. ಒಳಗೆ ಗುಲಾಬಿ ಬಣ್ಣ ಇದ್ದರೆ ಮತ್ತೆ ಕೆಂಡಕ್ಕೆ. ಕೋಳಿ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಅದಕ್ಕೆ ದೊಡ್ಡಪ್ಪನ ಮುಲಾಜಿಲ್ಲ.

ಹೀಗೆ ತಿನ್ನುತ್ತ, ಮಜ್ಜಿಗೆ ಕುಡಿಯುತ್ತ, ಕಡೆಯ ಸರದಿ ಇಳಿಯುವಾಗ ರಾತ್ರಿ ಹತ್ತು ದಾಟಿರುತ್ತದೆ. ಎಲ್ಲರೂ ಹೊಟ್ಟೆ ಸವರಿಕೊಳ್ಳುತ್ತಿರುತ್ತಾರೆ. ಆಗ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ಸರಿ, ಊಟಕ್ಕೇನು?" ಎಷ್ಟು ಕಡ್ಡಿ ಖಾಲಿ ಮಾಡಿದ್ದರೂ ಮುದ್ದೆಯೋ ಅನ್ನವೋ ಬೀಳದ ಹೊಟ್ಟೆ ನಮ್ಮಲ್ಲಿ ಉಪವಾಸದ ಲೆಕ್ಕಕ್ಕೇ ಸೇರುತ್ತದೆ. ಅತ್ತಿಗೆಗೆ ಇದು ಗೊತ್ತು. ತೊಡೆಯಿಂದ ಬಿಡಿಸಿದ ಮೂಳೆಗಳನ್ನು ಬೆಳಿಗ್ಗೆಯೇ ತೆಗೆದಿಟ್ಟು ಸಾರು ಕಾಯಿಸಿರುತ್ತಾಳೆ. ಎಲ್ಲರೂ ಕೆಳಗಿಳಿದು ಸಾಲಾಗಿ ಕೂರುತ್ತೇವೆ. ಅವಳು ಸೌಟಿನಲ್ಲಿ ತಳ ತಡಕಾಡಿ, ಇದ್ದುದರಲ್ಲಿ ಬಾಡು ಚೆನ್ನಾಗಿ ಅಂಟಿಕೊಂಡ ಮೂಳೆಯೊಂದನ್ನು ಹುಡುಕಿ ಅಳಿಯನ ತಟ್ಟೆಗೆ ಹಾಕುತ್ತಾಳೆ. ದೊಡ್ಡಪ್ಪ ತಮ್ಮ ತಟ್ಟೆಯನ್ನು ಇಷ್ಟು ಮುಂದೆ ತಳ್ಳಿ, "ಅಂಥದ್ದೇ ಇನ್ನೊಂದು ಸಿಗುತ್ತೇನೋ ನೋಡಮ್ಮ" ಅನ್ನುತ್ತಾರೆ.