ಎಲ್ಲ ಹಾಡಿಗೂ ಒಂದೇ ಅಂಕಿತ

ಫೆಬ್ರವರಿ 6ರಂದು ಬೆಂಗಳೂರಿನ ಒಂದು ಕೆಫೆಯಲ್ಲಿ ‘ರೆಗ್ಗೆ ನೈಟ್’, ಅಂದರೆ ಜಮೈಕಾ ದ್ವೀಪದ ಸಂಗೀತದ ರಾತ್ರಿ ಇತ್ತು. ಅವತ್ತು ಆ ದ್ವೀಪದ ಹಾಡುಗಾರ ಬಾಬ್ ಮಾರ್ಲಿಯ ಹುಟ್ಟುಹಬ್ಬ ಅಂತ ಹೇಳಬೇಕಾಗಿಲ್ಲ, ಆ ಮುಖ ನಿಮಗೆ ಗೊತ್ತು. ಫುಟ್‌ಪಾತಿನ ಟೀ ಶರ್ಟಿನ ಮೇಲೆ, ಗೋಕರ್ಣದ ಅಂಗಡಿಗಳಲ್ಲಿ ತೂಗುವ ಜೋಳಿಗೆಯ ಮೇಲೆ, ನಮ್ಮ ಮಹಡಿ ಮನೆಯ ಎಂಜಿನಿಯರಿಂಗ್ ಹುಡುಗನ ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ, ಎಲ್ಲ ಕಡೆ ಅದೇ ಮುಖ, ಅದೇ ಜಟೆ, ಅದೇ ಹೊಗೆ. ಪಕ್ಕದಲ್ಲಿ ಚೆ ಗೆವಾರ ಇರುತ್ತಾನೆ. ಇಬ್ಬರಲ್ಲಿ ಹಾಡುವವನು ಯಾರು, ಬಂದೂಕಿನವನು ಯಾರು ಎಂದು ತೊಟ್ಟವನಿಗೆ ಗೊತ್ತಿರಲೇಬೇಕೆಂಬ ಕಾನೂನೇನೂ ಇಲ್ಲ.

ನನ್ನನ್ನು ಎಳೆದುಕೊಂಡು ಹೋದವನು ಅಕ್ಕನ ಮಗ. “ಮಾವ, ಮನೇಲಿ ಹೆಡ್‌ಫೋನ್ ಹಾಕ್ಕೊಂಡು ಒಬ್ಬರೇ ತಲೆ ಆಡಿಸ್ತಾ ಕೂತಿರ್ತೀರಲ್ಲ, ಅದೇ ಮ್ಯೂಸಿಕ್ಕು, ಬನ್ನಿ” ಅಂದ. ಬಾಗಿಲಲ್ಲಿ 799 ರೂಪಾಯಿ ಇಸಿದುಕೊಂಡು ಒಂದು ಟೋಪಿ ಕೊಟ್ಟರು. ಕೆಂಪು, ಹಳದಿ, ಹಸಿರು ಉಲ್ಲನ್ನಿನ ಟೋಪಿ, ಹಿಂದೆ ನಾಲ್ಕು ಎಳೆ ನೈಲಾನ್ ಜಟೆ. ಅರವತ್ತರ ಹತ್ತಿರ ಬಂದವನ ಬೋಳುತಲೆಗೆ ಕೊನೆಗೂ ಕೂದಲು ಬಂತು. ಮೆನುವಿನಲ್ಲಿ ‘ಜಮೈಕನ್ ಜರ್ಕ್ ಪನೀರ್’ ಇತ್ತು. ತಂದಿಟ್ಟಾಗ ನೋಡಿದರೆ ನಮ್ಮ ಹಳೇ ಚಿಲ್ಲಿ ಪನೀರೇ, ಟೊಮೆಟೊ ಸಾಸಿನಲ್ಲಿ ಮಿಂದು ಪಾಸ್‌ಪೋರ್ಟ್ ಮಾಡಿಸಿಕೊಂಡಿತ್ತು.

ಸಂಗೀತಕ್ಕೆ ಬರೋಣ. ಮೂರು ಗಂಟೆಯಲ್ಲಿ ಹದಿನಾಲ್ಕು ಹಾಡು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಅದೇ ಹದಿನಾಲ್ಕು. ಎಣಿಸಿದ್ದೇನೆ, ಯಾಕೆಂದರೆ ಮಾಡಲು ಬೇರೆ ಕೆಲಸವಿರಲಿಲ್ಲ. ಬಾಬ್ ಮಾರ್ಲಿ ತೀರಿಕೊಂಡ ಮೂರು ವರ್ಷಕ್ಕೆ, 1984ರಲ್ಲಿ ಐಲೆಂಡ್ ರೆಕಾರ್ಡ್ಸ್ ಕಂಪನಿ ಆಯ್ದು ಕಟ್ಟಿಕೊಟ್ಟ ‘ಲೆಜೆಂಡ್’ ಎಂಬ ಆಲ್ಬಂ ಅದು. ಮದುವೆ ಮನೆಯ ತಾಂಬೂಲದ ಚೀಲದ ಹಾಗೆ ಎಲ್ಲರ ಕೈಗೂ ಒಂದೊಂದು ತಲುಪಿದೆ. ನಡುನಡುವೆ ಬದಲಾವಣೆಗೆ ಅಂತ ಚಿಂತೆ ಬಿಡಿ, ಖುಷಿಯಾಗಿರಿ ಎನ್ನುವ ಆ ಶಿಳ್ಳೆ ಹಾಡನ್ನೂ ಹಾಕಿದರು. ಗೋಡೆಯ ಪರದೆಯ ಮೇಲೆ ಮಾರ್ಲಿಯ ಚಿತ್ರ ನಗುತ್ತಿತ್ತು.

ಆ ಹಾಡು ಬಾಬಿ ಮ್ಯಾಕ್‌ಫೆರಿನ್ ಎಂಬ ಅಮೆರಿಕನ್ನನದು. ಬಂದದ್ದು 1988ರಲ್ಲಿ. ಮಾರ್ಲಿ ಸತ್ತದ್ದು 1981ರ ಮೇ 11ಕ್ಕೆ. ಸತ್ತು ಏಳು ವರ್ಷವಾದ ಮೇಲೂ ಹೊಸ ಹಾಡು ಕೊಡುವುದು ದೊಡ್ಡವರಿಗೆ ಮಾತ್ರ ಸಾಧ್ಯ. ಡಿಜೆ ಹುಡುಗನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಅವನು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, “ಸರ್, ಯೂಟ್ಯೂಬಲ್ಲಿ ಹಂಗೇ ಇದೆ ನೋಡಿ” ಅಂದ. ಯೂಟ್ಯೂಬಿನಲ್ಲಿ ಇದ್ದ ಮೇಲೆ ಮುಗಿಯಿತು, ಮರಣ ಪ್ರಮಾಣಪತ್ರ ತಂದರೂ ನಡೆಯದು.

ನಮಗೆ ಇದು ಹೊಸದಲ್ಲ. ಯಾರೇ ಬರೆದ ಕೀರ್ತನೆಗೂ ಪುರಂದರವಿಠಲನ ಅಂಕಿತ ಅಂಟಿಸುವವರು ನಾವು. ವಾಟ್ಸಾಪಿನಲ್ಲಿ ನಾಲ್ಕು ಸಾಲು ಪ್ರಾಸವಿದ್ದರೆ ಡಿವಿಜಿಯವರದು, ‘ಅಯ್ಯಾ’ ಎಂದು ಶುರುವಾದರೆ ಬಸವಣ್ಣನವರದು, ನಗು ಬಂದರೆ ಬೀಚಿಯವರದು. ಹಾಗೆಯೇ ಗಿಟಾರು ಚಕ್ ಚಕ್ ಎಂದರೆ ಮಾರ್ಲಿ. ಹೆಸರು ನೆನಪಿಡುವ ತೊಂದರೆಯೇ ಇಲ್ಲ.

ತಡೆಯಲಾರದೆ ಇನ್ನೊಮ್ಮೆ ಹೋದೆ. “ಬರ್ನಿಂಗ್ ಸ್ಪಿಯರ್ ಒಂದು ಹಾಕಪ್ಪ” ಅಂದೆ. ಹುಡುಗ ಕ್ಷಮೆ ಕೇಳುವ ಮುಖ ಮಾಡಿ, “ಸಾರಿ ಸರ್, ಇವತ್ತು ಓನ್ಲಿ ರೆಗ್ಗೆ” ಅಂದ.

ಬರ್ನಿಂಗ್ ಸ್ಪಿಯರ್, ಅಂದರೆ ವಿನ್‌ಸ್ಟನ್ ರಾಡ್ನಿ ಎಂಬ ರೆಗ್ಗೆ ಹಾಡುಗಾರ, ಮಾರ್ಲಿ ಹುಟ್ಟಿದ ಸೇಂಟ್ ಆ್ಯನ್ ಪ್ರಾಂತದವನೇ. ಕರಿಯರ ಹಕ್ಕಿಗಾಗಿ ಹೋರಾಡಿದ ಮುಂದಾಳು ಮಾರ್ಕಸ್ ಗಾರ್ವಿ ಹುಟ್ಟಿದ್ದೂ ಅಲ್ಲೇ. ಗಾರ್ವಿಯ ಹೆಸರನ್ನೇ ಇಟ್ಟು 1975ರಲ್ಲಿ ಅವನು ತಂದ ಆಲ್ಬಂ ಕೇಳಿದರೆ ಹಾಡುಗಾರ ಬಾಯಿಬಿಟ್ಟು ಹಾಡುತ್ತಿದ್ದಾನೋ, ಮನೆಯ ಹಿರಿಯರೊಬ್ಬರು ಕತ್ತಲಲ್ಲಿ ಜಗುಲಿಯ ಮೇಲೆ ಕೂತು ಹಳೇ ಸಾಲದ ಲೆಕ್ಕ ಕೇಳುತ್ತಿದ್ದಾರೋ ಅನಿಸುತ್ತದೆ. ಗುಲಾಮಗಿರಿಯ ದಿನಗಳು ನೆನಪಿವೆಯೇ ಎಂದು ಅವನು ಮತ್ತೆ ಮತ್ತೆ ಕೇಳುತ್ತಾನೆ. ಜರ್ಕ್ ಪನೀರ್ ತಿನ್ನುವಾಗ ಯಾರಾದರೂ ಹಾಗೆ ಕೇಳಿದರೆ ಜೀರ್ಣವಾಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ.

ಇಡೀ ಸಭೆ ಚಪ್ಪಾಳೆ ತಟ್ಟುತ್ತಿದ್ದದ್ದೂ ಸೊಗಸಾಗಿತ್ತು. ರೆಗ್ಗೆಯ ಹಳೇ ವರಸೆಯಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದರೆ ಡ್ರಮ್ಮಿನವನು ಒಂದನ್ನು ಖಾಲಿ ಬಿಡುತ್ತಾನೆ. ಗುದ್ದು ಬೀಳುವುದು ಮೂರಕ್ಕೆ. ನಮ್ಮ ಕಛೇರಿಗಳಲ್ಲಿ ಪಲ್ಲವಿ ಸಮ ಬಿಟ್ಟು ಅನಾಗತದಲ್ಲಿ, ಅಂದರೆ ತಾಳ ಶುರುವಾದ ಮೇಲೆ, ಎತ್ತಿಕೊಂಡಾಗ ತೊಡೆ ತಟ್ಟುವವರ ಕೈ ಗಾಳಿಯಲ್ಲಿ ನಿಲ್ಲುತ್ತದಲ್ಲ, ಆ ಥರದ ಕಚಗುಳಿ. ಅಲ್ಲಿದ್ದವರೆಲ್ಲ ಸರಿಯಾಗಿ ಒಂದಕ್ಕೇ ಚಪ್ಪಾಳೆ ತಟ್ಟುತ್ತಿದ್ದರು. ಅವನು ಕಷ್ಟಪಟ್ಟು ಖಾಲಿ ಬಿಟ್ಟ ಜಾಗದಲ್ಲಿ ನಮ್ಮವರು ಸೈಟು ಮಾಡಿಕೊಂಡರು.

ಗಾಂಜಾ ವಿಷಯ ಹೇಳದಿದ್ದರೆ ಟೋಪಿ ಕೊಟ್ಟವರಿಗೆ ದ್ರೋಹವಾಗುತ್ತದೆ. ಗೋಡೆ ತುಂಬ ಆ ಐದು ಬೆರಳಿನ ಎಲೆಯೇ ಇತ್ತು. ಪಕ್ಕದ ಮೇಜಿನ ಹುಡುಗ ತನ್ನ ಗೆಳತಿಗೆ “ಗಾಂಜಾ ಈಸ್ ಎ ಜಮೈಕನ್ ವರ್ಡ್” ಎಂದು ತಿಳಿಹೇಳುತ್ತಿದ್ದ. ಸ್ವಾಮಿ, ಮಾತು ನಮ್ಮದು, ಗಿಡವೂ ಇಲ್ಲಿಂದಲೇ ಹೋದದ್ದು ಅನ್ನುತ್ತಾರೆ. ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ಗದ್ದೆಗೆ ಆಳು ಸಾಲದೆ ಬ್ರಿಟಿಷರು 1845ರಿಂದ ಭಾರತದ ಕೂಲಿಗಳನ್ನು ಕರಾರು ಬರೆಸಿಕೊಂಡು ಜಮೈಕಾಕ್ಕೆ ಹಡಗು ಹತ್ತಿಸಿದರು. 1917ರ ತನಕ ಹೋದವರು ಸುಮಾರು 36,000 ಜನ. ಹೆಚ್ಚಿನವರು ಗಂಗಾ ಬಯಲಿನ ಕಡೆಯವರು, ಒಂದಿಷ್ಟು ಜನ ಮದ್ರಾಸಿನಿಂದ. ಅವರ ಜೊತೆ ಹೋದದ್ದು ಗಾಂಜಾ, ರೊಟ್ಟಿ ಮತ್ತು ಮಸಾಲೆ. ಇವತ್ತಿಗೂ ಜಮೈಕಾದಲ್ಲಿ ಮದುವೆ ಮುಂಜಿ ಅಂದರೆ ಆಡಿನ ಮಾಂಸದ ಕರಿ ಬೇಯಬೇಕು. ಅವರು ನಮ್ಮ ಕರಿ ತಿನ್ನುತ್ತಿದ್ದಾರೆ, ನಾವು ಅವರ ಹೆಸರಲ್ಲಿ ಪನೀರ್ ತಿನ್ನುತ್ತಿದ್ದೇವೆ.

ಅದೇ ಎಲೆಗಾಗಿ 1913ರಿಂದ ಬಹುಕಾಲ ಅಲ್ಲಿ ಜೈಲು ಇತ್ತು. ಇಥಿಯೋಪಿಯಾದ ದೊರೆಯನ್ನೇ ದೇವರೆಂದು ನಂಬಿ ಜಟೆ ಬಿಟ್ಟ ರಾಸ್ತಾ ಪಂಥದವರನ್ನು ಪೊಲೀಸರು ಹಿಡಿದು ಬಡಿದು ತಲೆ ಬೋಳಿಸುತ್ತಿದ್ದ ಕಾಲವೂ ಇತ್ತು. ಅವರ ಮೇಲೆ ನಡೆದ 1963ರ ಕೋರಲ್ ಗಾರ್ಡನ್ಸ್ ದಾಳಿಗೆ ಸರ್ಕಾರ ಕ್ಷಮೆ ಕೇಳಿದ್ದು 2017ರಲ್ಲಿ. ಐವತ್ತನಾಲ್ಕು ವರ್ಷ. ನಮ್ಮ ಕಡೆ ಕಡತ ಇಷ್ಟು ಬೇಗ ವಿಲೇವಾರಿಯಾಗುವುದಿಲ್ಲ, ಆ ಮಟ್ಟಿಗೆ ಮೆಚ್ಚಬೇಕು. ಮಾರ್ಲಿಗೂ ‘ಆರ್ಡರ್ ಆಫ್ ಮೆರಿಟ್’ ಕೊಟ್ಟರು, 1981ರ ಏಪ್ರಿಲ್‌ನಲ್ಲಿ, ಸಾಯಲು ಒಂದು ತಿಂಗಳು ಬಾಕಿ ಇದ್ದಾಗ. ಜಗತ್ತಿನ ಎಲ್ಲ ಪ್ರಶಸ್ತಿ ಸಮಿತಿಗಳಿಗೂ ಡಾಕ್ಟರ ಜೊತೆ ಒಂದು ಒಪ್ಪಂದ ಇರುತ್ತದೆ.

ಮಾರ್ಲಿ ಮೇಲೆ ನನಗೆ ಕೋಪವಿಲ್ಲ. ಅವನನ್ನೂ ಪೂರ್ತಿ ಕೇಳುವುದಿಲ್ಲವಲ್ಲ ಎಂಬುದು ತಕರಾರು. 1963ರಲ್ಲಿ ಇಥಿಯೋಪಿಯಾದ ದೊರೆ ಹೈಲೆ ಸೆಲಾಸಿ ವಿಶ್ವಸಂಸ್ಥೆಯಲ್ಲಿ ವರ್ಣಭೇದದ ವಿರುದ್ಧ ಮಾಡಿದ ಭಾಷಣವನ್ನೇ ಎತ್ತಿಕೊಂಡು ಅವನು 1976ರಲ್ಲಿ ಯುದ್ಧದ ಹಾಡು ಹಾಡಿದ. ಆ ತಾಂಬೂಲದ ಚೀಲದಲ್ಲಿ ಅದಿಲ್ಲ. ಸುಟ್ಟು ಸೂರೆ ಮಾಡುವ ಹಾಡೂ ಇಲ್ಲ. ಸಿಟ್ಟು ಒಂಚೂರು ಇರಲಿ, ಊಟಕ್ಕೆ ಉಪ್ಪಿನಕಾಯಿಯಷ್ಟು ಎಂದು ಅಳೆದು ಬಡಿಸಿದ್ದಾರೆ. ಒಂದು ದ್ವೀಪವನ್ನು ಒಬ್ಬ ಮನುಷ್ಯನಿಗೆ ಇಳಿಸಿದರು, ಆ ಮನುಷ್ಯನನ್ನು ಹದಿನಾಲ್ಕು ಹಾಡಿಗೆ, ಹದಿನಾಲ್ಕು ಹಾಡನ್ನು ಒಂದು ಟೋಪಿಗೆ.

ಆ ದ್ವೀಪದ ಕತೆಗಳೋ! ರೆಗ್ಗೆ ಎಂಬ ಹೆಸರನ್ನು ಹಾಡಿನಲ್ಲಿ ಕೂರಿಸಿದ್ದು 1968ರಲ್ಲಿ ಟೂಟ್ಸ್ ಹಿಬರ್ಟ್‌ನ ಮೇಟಲ್ಸ್ ತಂಡ. ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ಆಲ್ಫಾ ಬಾಯ್ಸ್ ಸ್ಕೂಲ್ ಅಂತ, ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಬಡ ಮಕ್ಕಳ ಶಾಲೆ. ತಂಟೆಕೋರ ಹುಡುಗರ ಕೈಗೆ ಕಹಳೆ, ಟ್ರಾಂಬೋನು ಕೊಟ್ಟು ಕೂರಿಸಿದರು. ಡಾನ್ ಡ್ರಮಂಡ್, ಟಾಮಿ ಮೆಕುಕ್ ಅಲ್ಲಿಂದಲೇ ಬಂದು 1964ರಲ್ಲಿ ಸ್ಕಟಲೈಟ್ಸ್ ತಂಡ ಕಟ್ಟಿದರು. ಸೌಂಡ್ ಸಿಸ್ಟಮ್ಮಿನವರು, ಅಂದರೆ ಬೀದಿಯಲ್ಲಿ ಬೀರುವಿನಷ್ಟು ದೊಡ್ಡ ಸ್ಪೀಕರ್ ನಿಲ್ಲಿಸಿ ಕುಣಿಸುವವರು, ಎದುರಾಳಿಗೆ ಗೊತ್ತಾಗಬಾರದೆಂದು ರೆಕಾರ್ಡಿನ ಮೇಲಿನ ಹೆಸರನ್ನೇ ಕೆರೆದು ಹಾಕುತ್ತಿದ್ದರು. ನಮ್ಮ ಅಡುಗೆ ಭಟ್ಟರು ಹುಳಿಪುಡಿಯ ಡಬ್ಬಿ ಬಚ್ಚಿಡುವ ಹಾಗೆ.

ನನಗೆ ಬಹಳ ಇಷ್ಟದ ಕತೆ ಕ್ಯಾಸಿಯೋದ್ದು. ಜಪಾನಿನಲ್ಲಿ ಓಕುಡಾ ಹಿರೊಕೊ ಎಂಬ ಹುಡುಗಿ ಸಂಗೀತ ಕಾಲೇಜಿನಲ್ಲಿ ರೆಗ್ಗೆ ಬಗ್ಗೆ ಪ್ರಬಂಧ ಬರೆದು, 1980ರಲ್ಲಿ ಕ್ಯಾಸಿಯೋ ಕಂಪನಿಗೆ ಕೆಲಸಕ್ಕೆ ಸೇರಿದಳು. ಎಂಟಿ-40 ಎಂಬ ಪುಟ್ಟ ಕೀಬೋರ್ಡಿಗೆ ತಾಳಗಳನ್ನು ತುಂಬುವ ಕೆಲಸ ಅವಳಿಗೆ ಬಿತ್ತು. ‘ರಾಕ್’ ಎಂಬ ಗುಂಡಿಯ ಹಿಂದೆ ಅವಳು ಕೂರಿಸಿದ್ದು ತನ್ನ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದದ್ದನ್ನೇ. ಆ ಪ್ಲಾಸ್ಟಿಕ್ ಡಬ್ಬಿ ಹೇಗೋ ಕಿಂಗ್‌ಸ್ಟನ್ ಸೇರಿತು. ವೇಯ್ನ್ ಸ್ಮಿತ್ ಎಂಬ ಹಾಡುಗಾರ ಮತ್ತು ಅವನ ಗೆಳೆಯ ಆ ಗುಂಡಿ ಒತ್ತಿದರು, ರೆಕಾರ್ಡ್ ಮಾಡಿಸುವ ಕಿಂಗ್ ಜ್ಯಾಮಿ ಅದನ್ನು ನಿಧಾನ ಮಾಡಿದ, 1985ರಲ್ಲಿ ‘ಸ್ಲೆಂಗ್ ಟೆಂಗ್’ ಎಂಬ ಹಾಡು ಹುಟ್ಟಿತು. ಆ ಒಂದೇ ತಾಳದ ಮೇಲೆ ನೂರಾರು ಹಾಡು ಬಂದವು, ಜಮೈಕಾದ ಸಂಗೀತ ಕಂಪ್ಯೂಟರ್ ಯುಗಕ್ಕೆ ಮಗುಚಿಕೊಂಡಿತು. ಅಂಥದ್ದೇ ಒಂದು ಕ್ಯಾಸಿಯೋ ನಮ್ಮ ಮನೆಯಲ್ಲೂ ಇತ್ತು. ಹತ್ತು ವರ್ಷ ನಾವು ಅದರಲ್ಲಿ ಮಾಡಿದ್ದು ಬಂದ ನೆಂಟರ ಮುಂದೆ ‘ಜನಗಣಮನ’ ಬಾರಿಸಿ ಅವರನ್ನು ಎದ್ದು ನಿಲ್ಲಿಸಿದ್ದೊಂದೇ.

ಇದನ್ನೆಲ್ಲ ಅಕ್ಕನ ಮಗನಿಗೆ ಹೇಳಿದೆ. “ಮಾವ, ಚಿಲ್ ಮಾಡಿ” ಅಂದ.

ಚಿಲ್ ಮಾಡಲು ಆಗಲಿಲ್ಲ. ಯಾಕೆಂದರೆ ಫೆಬ್ರವರಿ 6 ಇನ್ನೊಂದು ದಿನವೂ ಹೌದು. ಕಿಂಗ್ ಟಬ್ಬಿ ಅಂತ ಒಬ್ಬನಿದ್ದ, ರೇಡಿಯೋ, ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡುವವನು. ಹಾಡಿನಿಂದ ಹಾಡುಗಾರನ ದನಿಯನ್ನು ಎತ್ತಿ ಬದಿಗಿಟ್ಟು, ಬರೀ ಬೇಸು ಡ್ರಮ್ಮನ್ನು ಬಿಟ್ಟು, ಆಗೊಮ್ಮೆ ಈಗೊಮ್ಮೆ ಒಂದು ಚೂರು ದನಿಯನ್ನು ಬಾವಿಗೆ ಕಲ್ಲು ಎಸೆದ ಹಾಗೆ ಎಸೆದು ಅದರ ಮಾರ್ದನಿ ಕೇಳಿಸುತ್ತಿದ್ದ. ಡಬ್ ಅಂದರೆ ಅದು. ಇವತ್ತು ರೀಮಿಕ್ಸ್ ಅಂತ ಮಾರುವವರೆಲ್ಲ ಅವನ ಆ ಪುಟ್ಟ ಕೋಣೆಗೆ ಬಾಡಿಗೆ ಕಟ್ಟಬೇಕು. 1989ರ ಫೆಬ್ರವರಿ 6ರಂದು ಅವನನ್ನು ಅವನ ಮನೆ ಬಾಗಿಲಲ್ಲೇ ಯಾರೋ ಗುಂಡಿಟ್ಟು ಕೊಂದರು. ರೆಗ್ಗೆ ನೈಟಿನಲ್ಲಿ ಆ ಹೆಸರು ಒಂದು ಸಲವೂ ಬರಲಿಲ್ಲ.

ಅಬಿಸೀನಿಯನ್ಸ್ ಎಂಬ ಮೂವರು 1969ರಲ್ಲಿ ಕಾಕ್ಸನ್ ಡಾಡ್‌ನ ಸ್ಟುಡಿಯೋ ಒನ್‌ನಲ್ಲಿ ಹಾಡಿದ ಹಾಡು, ಇವತ್ತು ರಾಸ್ತಾಗಳಿಗೆ ಮಂಗಳಾರತಿಯಷ್ಟು ದೊಡ್ಡದು. ಡಾಡ್ ಅದು ಓಡುವುದಿಲ್ಲ ಎಂದು ಕಪಾಟಿನಲ್ಲಿಟ್ಟ. ಕೊನೆಗೆ ತಾವು ಹಾಡಿದ ಹಾಡನ್ನು ತಾವೇ ದುಡ್ಡು ಕೊಟ್ಟು ಬಿಡಿಸಿಕೊಂಡು 1971ರಲ್ಲಿ ಹೊರತಂದರು. ಸಿಸ್ಟರ್ ನ್ಯಾನ್ಸಿ 1982ರಲ್ಲಿ ಹಾಡಿದ ‘ಬ್ಯಾಮ್ ಬ್ಯಾಮ್’ ಸಿನಿಮಾಕ್ಕೆ ಹೋಯಿತು, ಹಿಪ್‌ಹಾಪ್‌ಗೆ ಹೋಯಿತು, ಊರೂರು ತಿರುಗಿತು. ಆಕೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುತ್ತಿದ್ದಳು. ಊರವರ ದುಡ್ಡನ್ನು ಪೈಸೆ ಪೈಸೆ ಎಣಿಸುತ್ತ ಕೂತವಳಿಗೆ ತನ್ನ ಹಾಡಿನ ಪಾಲಿಂದ ಮೂವತ್ತು ವರ್ಷ ಏನೂ ಬಂದಿರಲಿಲ್ಲ. ಒಂದು ಬೂಟಿನ ಜಾಹೀರಾತಿನಲ್ಲಿ ತನ್ನದೇ ದನಿ ಕೇಳಿದ ಮೇಲೆ ಆಕೆ ವಕೀಲರನ್ನು ಹಿಡಿದಳು. ಇದರಲ್ಲಿ ನಗುವಂಥದ್ದೇನಿದೆ, ನನಗಂತೂ ಸಿಗುತ್ತಿಲ್ಲ. ವಿಡಂಬನೆ ಬರೆಯಿರಿ ಅಂತ ಜಾಗ ಕೊಟ್ಟಿದ್ದಾರೆ, ಈ ಪ್ಯಾರಾ ಮಟ್ಟಿಗೆ ಸಂಪಾದಕರು ಮನ್ನಿಸಲಿ. ಹಾಡಿದವರಿಗೆ ಕೂಳಿಲ್ಲ, ಟೋಪಿ ಹೊಲಿದವರಿಗೆ 799.

2018ರಲ್ಲಿ ಯುನೆಸ್ಕೊ ರೆಗ್ಗೆಯನ್ನು ಮನುಕುಲದ ಪರಂಪರೆ ಎಂದು ಪಟ್ಟಿಗೆ ಸೇರಿಸಿತು. ಸಂತೋಷ. ಪಟ್ಟಿಗೆ ಸೇರಿದ್ದನ್ನು ಯಾರೂ ಕೇಳಬೇಕಾಗಿಲ್ಲ, ಅದು ಪಟ್ಟಿಯ ಅನುಕೂಲ.

ಹನ್ನೊಂದು ಗಂಟೆಗೆ ಹೊರಗೆ ಬಂದು ಆಟೋ ಹಿಡಿದೆ. ಅಕ್ಕನ ಮಗ ಇನ್ನೂ ಒಳಗೇ ಇದ್ದ, ಹದಿನಾಲ್ಕು ಹಾಡು ಮೂರನೇ ಸುತ್ತಿಗೆ ಶುರುವಾಗಿದ್ದವು. ಆಟೋದವನು ಕನ್ನಡಿಯಲ್ಲಿ ನನ್ನ ತಲೆಯನ್ನೇ ನೋಡುತ್ತಿದ್ದ. ಟೋಪಿ ತೆಗೆಯುವುದು ಮರೆತಿದ್ದೆ.

“ಯಾವ ಸಂಘ ಸಾರ್ ನಿಮ್ದು? ಕನ್ನಡ ಬಾವುಟಕ್ಕೆ ಹಸಿರು ಸೇರ್ಸಿದ್ದೀರಲ್ಲ, ರೈತರ ಕಡೇನಾ?”

ಇಥಿಯೋಪಿಯಾದ ಬಾವುಟದಿಂದ ಶುರು ಮಾಡೋಣ ಅಂದುಕೊಂಡೆ. ಸಿಗ್ನಲ್ ಹಸಿರಾಯಿತು. “ಹೌದಪ್ಪ, ಒಂಥರಾ ರೈತರೇ, ಕಬ್ಬಿನ ಗದ್ದೆಯವರು” ಅಂದೆ.

ಹಿಂದಿನ ಸೀಟಿನ ಕೆಳಗೆ ಅವನು ಒಂದು ದೊಡ್ಡ ಸ್ಪೀಕರ್ ಕೂರಿಸಿದ್ದ. ಅಣ್ಣಾವ್ರ ಹಾಡು. ದನಿ ಎಲ್ಲೋ ದೂರ, ಬೇಸು ಮಾತ್ರ ಸೀಟಿನಿಂದ ಬೆನ್ನುಮೂಳೆಗೆ ಹತ್ತಿ ಎದೆಯಲ್ಲಿ ಕುಟ್ಟುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ತಿರುಗಿ ನೋಡಿದ.

“ಬೇಸ್ ಜಾಸ್ತಿ ಆಯ್ತಾ ಸಾರ್? ಕಮ್ಮಿ ಮಾಡ್ಲಾ?”

“ಬೇಡಪ್ಪ, ಇರ್ಲಿ” ಅಂದೆ.