ಮೋಗ್ಲಿಯ ಪಾಲುಪಟ್ಟಿ

ಹಲ್ಲುಜ್ಜುವ ಮೊದಲೇ ಮೊಬೈಲಿಗೆ ಬಂದು ಬಿದ್ದಿತ್ತು, ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಭಾವನೊಬ್ಬರು ಹಾಕಿದ ಚಿತ್ರ. ಒಂದು ಕಡೆ ‘ಜಂಗಲ್ ಬುಕ್’ ಕಾರ್ಟೂನಿನ ಚಡ್ಡಿ ತೊಟ್ಟ ಕಾಡುಹುಡುಗ ಮೋಗ್ಲಿ, ಇನ್ನೊಂದು ಕಡೆ ಚಿನ್ನದ ನಾಣ್ಯಗಳ ರಾಶಿಯ ಮೇಲೆ ಕುಳಿತ ಡಕ್ ಟೇಲ್ಸ್‌ನ ಜಿಪುಣ ಬಾತುಕೋಳಿ. ಕೆಳಗೆ ದಪ್ಪ ಅಕ್ಷರದಲ್ಲಿ, ‘ಇವನ್ನು ನೋಡಿ ಬೆಳೆದ ಕೊನೆಯ ಅದೃಷ್ಟವಂತ ಪೀಳಿಗೆ ನಾವು. ಒಪ್ಪುವವರು ಹತ್ತು ಜನರಿಗೆ ಕಳಿಸಿ.’ ಅದರ ಬೆನ್ನಿಗೇ ಸಾಲಾಗಿ ಅಳುವ ಮುಖಗಳು, ಮುಗಿದ ಕೈಗಳು. ಅತ್ತೆಯ ಮಗಳೊಬ್ಬಳು ‘ಆ ಭಾನುವಾರಗಳು ಇನ್ನೆಲ್ಲಿ!’ ಎಂದು ನಿಟ್ಟುಸಿರಿಟ್ಟಿದ್ದಳು. ಅವಳು ಹುಟ್ಟಿದ್ದೇ ಮನೆಗೆ ಕೇಬಲ್ ಬಂದ ಮೇಲೆ.

ಪೀಳಿಗೆಯ ಹೆಸರಿನಲ್ಲಿ ಬೀಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಇಂಥ ವರ್ಷ ಹುಟ್ಟಿಸಿದ್ದು ತಂದೆತಾಯಿ, ಕಾರ್ಟೂನು ಬಿಡಿಸಿದ್ದು ಜಪಾನಿನವರು, ಪ್ರಸಾರ ಮಾಡಿದ್ದು ದೂರದರ್ಶನ. ನಾವು ಮಾಡಿದ್ದು ಬಾಯಿ ತೆರೆದುಕೊಂಡು ಕುಳಿತದ್ದು, ಅಷ್ಟೇ. ಅದಕ್ಕೆ ಸನ್ಮಾನಪತ್ರದ ಧಾಟಿ ಏಕೆ? ಮೇಲಾಗಿ, ಚಿತ್ರ ಕಳಿಸಿದ ಭಾವನ ಮನೆಯಲ್ಲಿ ಆಗ ಟಿ.ವಿ.ಯೇ ಇರಲಿಲ್ಲ. ಇದನ್ನು ಗುಂಪಿನಲ್ಲಿ ಬರೆಯಲು ಬೆರಳು ತುರಿಸಿತು. ಅವರು ಮುಂದಿನ ತಿಂಗಳು ಗೃಹಪ್ರವೇಶ ಇಟ್ಟುಕೊಂಡಿದ್ದಾರೆ, ಊಟ ಧಾರಾಳವಾಗಿ ಹಾಕಿಸುವ ಮನುಷ್ಯ ಎಂಬುದು ನೆನಪಾಗಿ ಸುಮ್ಮನಾದೆ.

ಈ ಹಂಬಲವೇ ಅಮೆರಿಕದಿಂದ ಬಂದ ಸರಕು ಎಂಬ ಗುಮಾನಿ ನನ್ನದು. ಅಲ್ಲಿನವರಿಗೆ ಕಾರ್ಟೂನಿನ ದಿನವೆಂದರೆ ಶನಿವಾರ. 1960ರ ದಶಕದಿಂದ ಅಲ್ಲಿನ ದೊಡ್ಡ ವಾಹಿನಿಗಳು ಶನಿವಾರದ ಬೆಳಗನ್ನು ಮಕ್ಕಳಿಗೆಂದೇ ಬಿಟ್ಟುಕೊಟ್ಟಿದ್ದವು. ಬಿಟ್ಟುಕೊಟ್ಟದ್ದು ಧರ್ಮಕ್ಕೇನಲ್ಲ. ನಡುನಡುವೆ ಸಕ್ಕರೆ ಹೊಯ್ದ ಕಾರ್ನ್‌ಫ್ಲೇಕ್ಸು, ಗೊಂಬೆ, ಆಟಿಕೆ ಬಂದೂಕುಗಳ ಜಾಹೀರಾತು. ನಮ್ಮಲ್ಲಿಯೂ ಕತ್ತಿ ಎತ್ತಿ ಕೂಗಿದ ಆ ಹೀ-ಮ್ಯಾನ್ ಇದ್ದಾನಲ್ಲ, ಅವನ ಗೊಂಬೆ ಅಂಗಡಿಗೆ ಬಂದದ್ದು 1982ರಲ್ಲಿ, ಕಾರ್ಟೂನು ಬಂದದ್ದು ಮರುವರ್ಷ. 2014ರ ಸೆಪ್ಟೆಂಬರಿನಲ್ಲಿ ಕೊನೆಯ ದೊಡ್ಡ ವಾಹಿನಿಯೂ ಶನಿವಾರದ ಕಾರ್ಟೂನು ನಿಲ್ಲಿಸಿದಾಗ ಅಲ್ಲಿನವರು ತಿಥಿ ಮಾಡುವುದೊಂದು ಬಾಕಿ. ನಮಗೆ ಶನಿವಾರ ಬೆಳಗ್ಗೆ ಎಂದರೆ ಬಿಳಿ ಸಮವಸ್ತ್ರ, ಬಿಳಿ ಬೂಟು, ಸಾಮೂಹಿಕ ಕವಾಯತು. ಅದಕ್ಕಾಗಿ ಯಾರೂ ಅಳುವ ಮುಖ ಕಳಿಸಿದ್ದನ್ನು ಕಾಣೆ.

ನಮ್ಮದು ಭಾನುವಾರ. ಸಾಗರದ ಕಡೆಯ ಒಂದು ಹಳ್ಳಿ, 1993. ಊರಿಗೆಲ್ಲ ಇದ್ದದ್ದು ಮೇಲಿನಮನೆಯ ಜಗಲಿಯಲ್ಲಿನ ಒಂದು ಕಪ್ಪು-ಬಿಳುಪು ಟಿ.ವಿ. ಅದಕ್ಕೆ ಮರದ ಪೆಟ್ಟಿಗೆ, ಪೆಟ್ಟಿಗೆಗೆ ಸರಿಸುವ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಆಂಟೆನಾ ಅಡಿಕೆ ಮರದ ಕಂಬದ ತುದಿಯಲ್ಲಿ. ಪೇಟೆಯ ಪುಟ್ಟ ಮರುಪ್ರಸಾರ ಕೇಂದ್ರಕ್ಕೂ ನಮಗೂ ನಡುವೆ ಒಂದು ಗುಡ್ಡ ಕುಳಿತಿದ್ದುದರಿಂದ ಪರದೆಯ ತುಂಬ ಚುಕ್ಕೆ. ಒಬ್ಬ ಕಂಬ ತಿರುಗಿಸಬೇಕು, ಒಬ್ಬ ಅಂಗಳದಲ್ಲಿ ನಿಂತು ‘ಬಂತು, ಬಂತು, ಹೋಯಿತು’ ಎಂದು ಕೂಗಬೇಕು. ಇದನ್ನೆಲ್ಲ ಎಲ್ಲರೂ ಬರೆದಾಗಿದೆ, ಬಿಡಿ.

ಯಾರೂ ಬರೆಯದ ಸಂಗತಿ ಬೇರೆ. ನಾವು ನೋಡುತ್ತಿದ್ದ ಮೋಗ್ಲಿಯ ಕಾರ್ಟೂನು ಹಿಂದಿಯಲ್ಲಿತ್ತು. ನಮಗೆ ಹಿಂದಿ ಬರುತ್ತಿರಲಿಲ್ಲ.

ಬರುತ್ತಿದ್ದುದು ಮೇಲಿನಮನೆಯ ಅಕ್ಕನಿಗೆ. ಪಿ.ಯು.ಸಿ. ಮುಗಿಸಿ ಮನೆಯಲ್ಲಿದ್ದಳು. ಹಿಂದಿಯ ‘ಮಧ್ಯಮಾ’ ಪರೀಕ್ಷೆ ಪಾಸಾದ ಅವಳ ಪ್ರಮಾಣಪತ್ರ ಕಟ್ಟು ಹಾಕಿಸಿಕೊಂಡು ಜಗಲಿಯ ಗೋಡೆಯ ಮೇಲೆ ಲಕ್ಷ್ಮಿಯ ಪಟದ ಪಕ್ಕದಲ್ಲಿಯೇ ಇತ್ತು. ಕೊನೆಕೊಯ್ಲಿನ ದಿನಗಳಲ್ಲಿ ಜಗಲಿಯ ತುಂಬ ಹಸಿ ಅಡಿಕೆಯ ರಾಶಿ. ಅಕ್ಕ ಮೆಟ್ಟುಗತ್ತಿಯ ಮುಂದೆ ಕುಳಿತು, ಕೈಯನ್ನು ಕತ್ತಿಗೆ, ಕಣ್ಣನ್ನು ಪರದೆಗೆ ಒಪ್ಪಿಸಿ, ಬಾಯಲ್ಲಿ ನಮಗೆ ಕನ್ನಡ ಹೇಳುತ್ತಿದ್ದಳು. ಮೂರೂ ಕೆಲಸದಲ್ಲಿ ಒಂದೂ ತಪ್ಪುತ್ತಿರಲಿಲ್ಲ. ಅಡಿಕೆ ಬುಟ್ಟಿಗೆ ಬೀಳುವ ಶಬ್ದ ನಿಂತಿತೆಂದರೆ ಕತೆಯಲ್ಲಿ ಏನೋ ಭಾರೀ ನಡೆಯಲಿದೆ ಎಂದೇ ಅರ್ಥ. ಮಾತುಗಾರಿಕೆಗೆ ಸಂಭಾವನೆಯಾಗಿ ನಾವು ಸಿಪ್ಪೆಯನ್ನು ತಿಪ್ಪೆಗೆ ಹೊತ್ತು ಹಾಕಬೇಕು.

ಅವಳು ಹೇಳಿದ ಕತೆ ಹೀಗಿತ್ತು. ಕಾಡು ಎಂಬುದು ಮೂಲತಃ ಅವಿಭಕ್ತ ಕುಟುಂಬ. ಯಜಮಾನ ಅಕೇಲ ಎಂಬ ತೋಳ. ತೋಳದ ದಂಪತಿ ಮೋಗ್ಲಿಯನ್ನು ದತ್ತು ತೆಗೆದುಕೊಂಡರು, ಆದರೆ ದತ್ತಕದ ಪತ್ರ ನೋಂದಣಿಯಾಗಲಿಲ್ಲ. ಅದನ್ನೇ ಹಿಡಿದುಕೊಂಡು ಶೇರ್ ಖಾನ್ ಎಂಬ ಹುಲಿ ತಕರಾರು ತೆಗೆದ. ಅವನಿಗೆ ಮೋಗ್ಲಿಯನ್ನು ತಿನ್ನುವ ಆಸೆಯೇನೂ ಇರಲಿಲ್ಲ, ಅವನ ಕಣ್ಣು ಇದ್ದದ್ದು ಹೊಳೆಯಂಚಿನ ತೋಟದ ಮೇಲೆ. ಬಾಘೀರ ಎಂಬ ಕರಿಚಿರತೆ ಮೋಗ್ಲಿಗೆ ಸೋದರಮಾವನಾಗಬೇಕು, ಸಾಕ್ಷಿ ಹೇಳಲು ಬಂದಿದ್ದಾನೆ. ಬಾಲೂ ಎಂಬ ಕರಡಿ ನಿವೃತ್ತ ಮೇಷ್ಟ್ರು. ಹೆಬ್ಬಾವು ವಕೀಲ, ನೋಡಿ ಹೇಗೆ ಸುತ್ತಿ ಬಳಸಿ ಮಾತಾಡುತ್ತಾನೆ. ತಬಾಕಿ ಎಂಬ ನರಿ ಪಹಣಿ ತಿದ್ದುವವನು. ಮೋಗ್ಲಿಯ ಕೈಯಲ್ಲಿ ಎಸೆದರೆ ತಿರುಗಿ ಬರುವ ಆಯುಧವೊಂದಿತ್ತಲ್ಲ, ಅದು ಹಿಡಿ ಕಳಚಿದ ಕುಡುಗೋಲು. ‘ಎಸೆದರೂ ವಾಪಸು ಬರುತ್ತದೆ. ನಮ್ಮ ಮನೆಯಿಂದ ಎರವಲು ಹೋದ ಸಾಮಾನು ಒಂದಾದರೂ ಹೀಗೆ ಬಂದದ್ದುಂಟೇ?’ ಎಂದು ಅಕ್ಕ ನಮ್ಮ ಕಡೆ ನೋಡುತ್ತಿದ್ದಳು. ನಮ್ಮ ಮನೆಯಲ್ಲಿ ಅವರ ಮನೆಯ ಒಂದು ಕೊಳಗವಿದ್ದುದು ನಿಜ.

ಶೇರ್ ಖಾನ್‌ಗೆ ದನಿ ಕೊಟ್ಟವರು ನಾನಾ ಪಾಟೇಕರ್. ಆ ದನಿ ಗುಡುಗಿದಾಗ ಅಕ್ಕ ಅಡಿಕೆ ಸುಲಿಯುವುದನ್ನು ನಿಲ್ಲಿಸಿ, ‘ಕೋಪ ನೋಡಿ, ಥೇಟ್ ನಮ್ಮ ದೊಡ್ಡಪ್ಪ’ ಎನ್ನುವಳು. ಒಳಗಿನಿಂದ ಅವಳ ಅಮ್ಮ, ‘ಸಾಕು ಮಾಡು, ಯಾರಾದರೂ ಕೇಳಿಯಾರು’ ಎಂದು ಗದರುವರು. ಕರೆಂಟು ಹೋದರೆ ನಮಗೆ ನಷ್ಟವೇನಿಲ್ಲ. ಪರದೆ ಕಪ್ಪಾದರೂ ಕತೆ ಅದರ ಪಾಡಿಗೆ ನಡೆಯುತ್ತಿತ್ತು, ವಿಚಾರಣೆ ಮುಂದಿನ ತಾರೀಖಿಗೆ ಹೋಗುತ್ತಿತ್ತು. ಅದೇ ವರ್ಷ ಡಿಸೆಂಬರ್ 12ರ ಭಾನುವಾರ ಹಂಗೇರಿಯಲ್ಲಿ ಮಕ್ಕಳು ಡಕ್ ಟೇಲ್ಸ್ ನೋಡುತ್ತಿದ್ದಾಗ ಪ್ರಸಾರ ತಟಕ್ಕನೆ ನಿಂತಿತಂತೆ. ಪ್ರಧಾನಿ ಯೋಜೆಫ್ ಅಂತಾಲ್ ತೀರಿಕೊಂಡಿದ್ದರು. ಅಂದು ಟಿ.ವಿ. ಮುಂದಿದ್ದ ಮಕ್ಕಳನ್ನು ಆ ದೇಶದಲ್ಲಿ ಇಂದಿಗೂ ‘ಡಕ್ ಟೇಲ್ಸ್ ಪೀಳಿಗೆ’ ಎಂದು ಕರೆಯುತ್ತಾರೆ. ಇದಾದರೂ ಒಂದು ಪೀಳಿಗೆ ಎನ್ನಿಸಿಕೊಳ್ಳಲು ತಕ್ಕ ಕಾರಣ. ಕತೆ ಅರ್ಧಕ್ಕೆ ನಿಂತಾಗ ಪಾಪ ಅವರ ಬಳಿ ಒಬ್ಬ ಅಕ್ಕ ಇರಲಿಲ್ಲ.

ಒಮ್ಮೆ ಶಿವಮೊಗ್ಗದಿಂದ ರಜೆಗೆ ಬಂದಿದ್ದ ಹುಡುಗನೊಬ್ಬ ನಮ್ಮ ಜೊತೆ ಕುಳಿತ. ಇಂಗ್ಲಿಷ್ ಮಾಧ್ಯಮ, ಕಾಲಿಗೆ ಸಾಕ್ಸು. ಅರ್ಧ ಕಂತು ಸುಮ್ಮನಿದ್ದು, ‘ಅವರು ಹಾಗೆ ಹೇಳುತ್ತಲೇ ಇಲ್ಲ’ ಎಂದುಬಿಟ್ಟ. ಜಗಲಿ ಸ್ತಬ್ಧ. ಅಕ್ಕ ತಲೆಯೆತ್ತಲಿಲ್ಲ. ‘ಮಧ್ಯಮಾ ಆಗಿದೆಯೋ ನಿನಗೆ?’ ಎಂದಳು. ಆಗಿರಲಿಲ್ಲ. ಎಲ್ಲರೂ ಗೋಡೆಯ ಮೇಲಿನ ಪ್ರಮಾಣಪತ್ರ ನೋಡಿದೆವು, ಅವನೂ ನೋಡಿದ. ಅಂದು ಮೊಸರವಲಕ್ಕಿ ಬಡಿಸುವಾಗ ಅವನ ಸರದಿಗೆ ಬರುವಷ್ಟರಲ್ಲಿ ಪಾತ್ರೆ ಬರಿದಾಗಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ ಎಂದೇ ಎಲ್ಲರೂ ಹೇಳಿಕೊಂಡೆವು.

ಮುಂದೆ ಕಾಲೇಜಿನ ಗ್ರಂಥಾಲಯದಲ್ಲಿ ಮೂಲ ಪುಸ್ತಕ, ರಡ್ಯಾರ್ಡ್ ಕಿಪ್ಲಿಂಗ್ ಬರೆದ ‘ದಿ ಜಂಗಲ್ ಬುಕ್’ ಸಿಕ್ಕಿತು. ಅಕ್ಕನ ಬಂಡವಾಳ ಬಯಲಾಗುತ್ತದೆ ಎಂದುಕೊಂಡೇ ತೆರೆದೆ. 1894ರ ಆ ಪುಸ್ತಕದ ಮೊದಲ ಕತೆಯಲ್ಲಿಯೇ ತೋಳಗಳ ಪಂಚಾಯಿತಿ ಕೂಡುತ್ತದೆ. ಹುಲಿ ಬಂದು ‘ಮಗು ನನ್ನದು, ನನಗೆ ಕೊಡಿ’ ಎಂದು ಹಕ್ಕು ಹೂಡುತ್ತದೆ. ಮಗುವಿನ ಪರವಾಗಿ ಇಬ್ಬರು ಮಾತಾಡಬೇಕೆಂಬ ನಿಯಮವಿರುತ್ತದೆ. ಕರಡಿ ಮೇಷ್ಟ್ರು ಮಾತಾಡುತ್ತಾನೆ, ಬಾಘೀರ ಒಂದು ಹೋರಿಯನ್ನು ಬೆಲೆಯಾಗಿ ಕೊಟ್ಟು ರಾಜಿ ಮಾಡಿಸುತ್ತಾನೆ. ದಾವೆ, ಸಾಕ್ಷಿ, ಪ್ರತಿಫಲ, ಎಲ್ಲ ಇದೆ. ಪಹಣಿ ಒಂದಿಲ್ಲ. ಕಾಲಕ್ರಮ ನೋಡಿದರೆ ತಲೆ ತಿರುಗುತ್ತದೆ. ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್ ಅಮೆರಿಕದ ವರ್ಮಾಂಟ್‌ನ ಹಿಮದಲ್ಲಿ ಕುಳಿತು ಮಧ್ಯಪ್ರದೇಶದ ಸಿವನಿ ಕಾಡಿನ ಕತೆ ಬರೆದ. ಜಪಾನಿನ ನಿಪ್ಪಾನ್ ಆ್ಯನಿಮೇಷನ್ 1989ರಲ್ಲಿ ಅದನ್ನು 52 ಕಂತು ಮಾಡಿತು. ದೂರದರ್ಶನ ಹಿಂದಿ ಮಾತು ಹಚ್ಚಿ, ಗುಲ್ಜಾರ್ ಕೈಯಲ್ಲಿ ಹಾಡು ಬರೆಸಿತು, ವಿಶಾಲ್ ಭಾರದ್ವಾಜ್ ರಾಗ ಹಾಕಿದರು. ಇಷ್ಟೆಲ್ಲ ಕೈ ದಾಟಿ ಹೊಳೆ, ಗುಡ್ಡ, ಚುಕ್ಕೆಗಳನ್ನು ಹಾದು ನಮ್ಮ ಜಗಲಿಗೆ ಬಂದ ಮೇಲೆ, ಮೆಟ್ಟುಗತ್ತಿಯ ಮುಂದಿನ ಒಬ್ಬ ಹುಡುಗಿ ಅದನ್ನು ಮತ್ತೆ ಪಂಚಾಯಿತಿ ಕಟ್ಟೆಗೆ ತಂದು ಕೂರಿಸಿದಳು.

ಇಲ್ಲಿ ಸ್ವಲ್ಪ ಸಿಟ್ಟು ಮಾಡಿಕೊಳ್ಳಬೇಕಾಗಿದೆ. ಅಕ್ಕನಿಗೆ ಈ ಕೆಲಸ ಬಿದ್ದದ್ದೇಕೆ? ಕರಡಿ ಕನ್ನಡ ಮಾತಾಡಬಾರದೆಂದು ಕನ್ನಡದ ಹಿರಿಯರೇ ಕಟ್ಟು ಮಾಡಿದ್ದರಿಂದ. 1960ರ ದಶಕದಲ್ಲಿ ಡಬ್ಬಿಂಗ್ ವಿರುದ್ಧ ಎದ್ದ ಚಳವಳಿಗೆ ಆಗ ಅರ್ಥವಿತ್ತು. ಚಿತ್ರರಂಗ ಸಣ್ಣದು, ಪಕ್ಕದ ಭಾಷೆಗಳ ದುಡ್ಡಿನ ಚಿತ್ರಗಳು ಕನ್ನಡ ಮಾತಾಡಿಕೊಂಡು ನುಗ್ಗಿದರೆ ಇಲ್ಲಿನ ಕಲಾವಿದರು, ತಂತ್ರಜ್ಞರು ಮನೆಗೆ ಹೋಗಬೇಕಿತ್ತು. ಒಪ್ಪಿದೆ. ಆದರೆ ಯಾವ ಕಾನೂನಿನಲ್ಲಿಯೂ ಬರೆಯದ ಆ ನಿಷೇಧ ಅರ್ಧ ಶತಮಾನ ನಡೆಯಿತು. ಬಾಲೂ ಎಂಬ ಕರಡಿ ಕನ್ನಡದಲ್ಲಿ ಮಾತಾಡಿದ್ದರೆ ಯಾವ ನಟನ ಹೊಟ್ಟೆಯ ಮೇಲೆ ಹೊಡೆದಂತಾಗುತ್ತಿತ್ತು? ಕರಡಿಯ ಪಾತ್ರಕ್ಕೆ ಕಾದು ಕುಳಿತವರು ಯಾರಿದ್ದರು? ಕನ್ನಡದ ಮಕ್ಕಳಿಗೆಂದೇ ಚಿಂಟು ಟಿ.ವಿ. ಬಂದದ್ದು 2009ರಲ್ಲಿ. ಅಷ್ಟರಲ್ಲಿ ನನ್ನ ಸಂಬಳದಲ್ಲಿ ಪಿ.ಎಫ್. ಮುರಿದುಕೊಳ್ಳುತ್ತಿದ್ದರು. ಡಬ್ಬಿಂಗ್ ತಡೆಯುವುದು ಸರಿಯಲ್ಲವೆಂದು, ಮಾರುಕಟ್ಟೆಯ ಪೈಪೋಟಿಗೆ ಕಾವಲಿರುವ ಭಾರತೀಯ ಸ್ಪರ್ಧಾ ಆಯೋಗ ಆದೇಶ ಹೊರಡಿಸಿದ್ದು 2015ರಲ್ಲಿ. ಕನ್ನಡವನ್ನು ಎಷ್ಟು ಜೋಪಾನವಾಗಿ ಕಾಪಾಡಿದರೆಂದರೆ, ಅದು ಮಕ್ಕಳ ಕೈಗೂ ಸಿಗಲಿಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ‘ಮಕ್ಕಳು ಕನ್ನಡ ಬಿಡುತ್ತಿದ್ದಾರೆ’ ಎಂದು ಯಾರಾದರೂ ಗದ್ಗದಿತರಾದಾಗ ನಾನು ಎದ್ದು ಹೊರಗೆ ಹೋಗಿ ಕಾಫಿ ಕುಡಿಯುತ್ತೇನೆ. ಹಾಗೆ ಕುಡಿದ ಕಾಫಿ ಒಂದೆರಡಲ್ಲ.

ಅದಿರಲಿ. ಮೊನ್ನೆ ಆ ಹಳೆಯ ಕಂತೊಂದನ್ನು ಮೊಬೈಲಿನಲ್ಲಿ ಹಾಕಿ ನೋಡಿದೆ. ಬಣ್ಣದ ಚಿತ್ರ, ಒಂದು ಚುಕ್ಕೆ ಇಲ್ಲ. ಹಿಂದಿ ಪೂರ್ತಿ ಅರ್ಥವಾಯಿತು. ಅದೇ ತೊಂದರೆಯಾಯಿತು. ಹುಲಿ ಸೀದಾ ಸಾದಾ ಹುಲಿಯಾಗಿತ್ತು, ಹೆಬ್ಬಾವಿಗೆ ವಕೀಲಿಕೆಯ ಗಂಧವೂ ಇರಲಿಲ್ಲ. ಹತ್ತು ನಿಮಿಷಕ್ಕೆ ಆಕಳಿಕೆ. ಪಕ್ಕದಲ್ಲಿ ಕುಳಿತಿದ್ದ ಮಗಳು ‘ಇದನ್ನು ನೋಡಿ ಅಳುತ್ತಾರೆಯೇ?’ ಎಂದು ಕೇಳಿ ಎದ್ದು ಹೋದಳು.

ಬಾಲ್ಯದ ನೆನಪು ಎಂಬುದರ ಬಗ್ಗೆ ಒಂದು ತೂಕದ ಮಾತು ಹೇಳಬೇಕೆಂದೇ ಇದನ್ನು ಬರೆಯಲು ಕುಳಿತದ್ದು. ಅದಕ್ಕೆ ಮೊದಲು ಒಂದೆರಡು ವಿವರ ಖಚಿತ ಮಾಡಿಕೊಳ್ಳೋಣವೆಂದು ಅಕ್ಕನಿಗೆ ಫೋನು ಮಾಡಿದೆ. ಮದುವೆಯಾಗಿ ಸಿರಸಿಯ ಕಡೆ ಇದ್ದಾಳೆ. ಕುಶಲ, ಮಳೆ, ಅಡಿಕೆ ಧಾರಣೆ, ಕೊಳೆರೋಗ ಎಲ್ಲ ಮುಗಿದ ಮೇಲೆ ಕೇಳಿದೆ.

‘ಅಕ್ಕ, ಆ ಮೋಗ್ಲಿಯ ಕತೆ ನಿನಗೆ ನಿಜವಾಗಿ ಎಷ್ಟು ಅರ್ಥವಾಗುತ್ತಿತ್ತು?’

‘ಎಲ್ಲಿಯ ಅರ್ಥ ಮಾರಾಯ! ಮಧ್ಯಮಾದಲ್ಲಿ ಇದ್ದದ್ದು ದೋಹೆ, ಪತ್ರಲೇಖನ. ಹುಲಿ ಮಾತಾಡುವ ವೇಗಕ್ಕೆ ನಾನು ಎಲ್ಲಿ ಹಿಡಿಯಲಿ? ಬಾಯಿಗೆ ಬಂದದ್ದು ಹೇಳುತ್ತಿದ್ದೆ. ನೀವು ಸಿಪ್ಪೆ ಹೊರುತ್ತಿದ್ದಿರಿ.’

‘ದತ್ತಕ, ಪಹಣಿ, ಹೊಳೆಯಂಚಿನ ತೋಟ?’

‘ಆಗ ದೊಡ್ಡಪ್ಪನಿಗೂ ನಮ್ಮ ಅಪ್ಪನಿಗೂ ಹಿಸೆಯ ದಾವೆ ಅಲ್ಲವೋ? ಮನೆಯಲ್ಲಿ ಮೂರು ಹೊತ್ತೂ ಅದೇ ಮಾತು. ಹೊರಗೆ ಬಾಯಿ ಬಿಡುವ ಹಾಗಿರಲಿಲ್ಲ. ಹುಲಿಯ ಹೆಸರಿನಲ್ಲಿಯಾದರೂ ಹೇಳಿಕೊಳ್ಳೋಣ ಎನ್ನಿಸಿತು.’

ಆ ಬಗ್ಗೆಯೇ ಇನ್ನೊಂದು ಪ್ರಶ್ನೆ ಕೇಳಬೇಕೆನ್ನುವಷ್ಟರಲ್ಲಿ ಅಕ್ಕನ ದನಿ ಏರಿತು. ದಾವೆ ಇನ್ನೂ ಮುಗಿದಿಲ್ಲ. ಕೆಳಗಿನ ಕೋರ್ಟಿನಲ್ಲಿ ಇವರಿಗಾಯಿತು, ಮೇಲ್ಮನವಿಯಲ್ಲಿ ಅವರಿಗಾಯಿತು, ಈಗ ಹೈಕೋರ್ಟಿನಲ್ಲಿದೆ. ದೊಡ್ಡಪ್ಪ ಹೋದರು, ಅಪ್ಪನೂ ಹೋದರು, ದೊಡ್ಡಪ್ಪನ ಮಗ ಮಾತ್ರ ತೋಟಕ್ಕೆ ಬೇಲಿ ಹಾಕಿಸಿದ್ದಾನೆ. ಹೊಳೆಯ ಕಡೆಯ ಗಡಿಕಲ್ಲು ರಾತ್ರೋರಾತ್ರಿ ಹೇಗೆ ಜರುಗಿತು ಎಂಬುದನ್ನು ಅವಳು ಹೇಳತೊಡಗಿದಳು. ನಾನು ಪೆನ್ನು ಕೆಳಗಿಟ್ಟು, ಕಿವಿಗೆ ಸರಿಯಾಗಿ ಫೋನು ಆನಿಸಿಕೊಂಡು, ‘ಹೌದೇ? ಆಮೇಲೆ?’ ಎಂದೆ.